ನಮ್ಮ ಪಿಕ್ಸೆಲ್ ಆಟಕ್ಕೆ ಕವರ್ ಆರಿಸಿದ ಬಗೆ

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಮ್ಮ ಆಟದ ಪುಟ ತೆರೆಯಬೇಕೋ ಬೇಡವೋ ಅನ್ನುವುದನ್ನು ಜನ ಕವರ್ ನೋಡಿಯೇ ತೀರ್ಮಾನಿಸುತ್ತಾರೆ. ಅಲ್ಲಿ ಅದಕ್ಕೆ ಕ್ಯಾಪ್ಸೂಲ್ ಅಂತಾರೆ. ಟ್ರೇಲರ್, ಸ್ಕ್ರೀನ್‌ಶಾಟ್, ವಿವರಣೆ ಎಲ್ಲ ಆಮೇಲಿನ ಮಾತು. ನಾನೂ ನನ್ನ ಗೆಳತಿಯೂ ಸೇರಿ ಒಂದು ಪಿಕ್ಸೆಲ್ ಆರ್ಟ್ (ಪುಟ್ಟ ಚೌಕ ಚುಕ್ಕಿಗಳನ್ನು ಜೋಡಿಸಿ ಬರೆಯುವ ಚಿತ್ರ) ಆ್ಯಕ್ಷನ್ ಆಟ ಮಾಡುತ್ತಿದ್ದೇವೆ. ಕೋಡ್ ಅವಳದು, ಚಿತ್ರ ನನ್ನದು. ಮಳೆಗಾಲದ ಕಾಡು, ಕೆಂಪು ಬಟ್ಟೆ ತೊಟ್ಟು ಈಟಿ ಹಿಡಿದ ಹುಡುಗಿ, ಹೆಜ್ಜೆಹೆಜ್ಜೆಗೂ ಹೊಡೆದಾಟ. ಇದಕ್ಕೆ ಬೇರೆ ಬೇರೆ ಥರದ ಮೂರು ಕವರ್ ಬರೆದು ಒಂದನ್ನು ಉಳಿಸಿಕೊಂಡೆವು.

ಮೊದಲನೆಯದರಲ್ಲಿ ಹುಡುಗಿ ಬಂಡೆಯ ಮೇಲೆ ನಿಂತಿದ್ದಾಳೆ, ಹಿಂದೆ ಇಡೀ ಕಾಡು. ಎರಡನೆಯದರಲ್ಲಿ ಅವಳು ಸೊಂಟದಿಂದ ಮೇಲಕ್ಕಷ್ಟೇ ಕಾಣುತ್ತಾಳೆ. ಈಟಿ ಮೂಲೆಯಿಂದ ಮೂಲೆಗೆ ಓರೆಯಾಗಿ ಚಾಚಿದೆ, ಹಿಂದೆ ಮೃಗದ ಒಂದೇ ದೊಡ್ಡ ಹಳದಿ ಕಣ್ಣು. ಮೂರನೆಯದರ ತುಂಬ ಮೃಗವೇ, ಅದರ ಕಾಲ ಬಳಿ ಹುಡುಗಿ ಪುಟ್ಟದಾಗಿ ನಿಂತಿದ್ದಾಳೆ. ಕಂಪ್ಯೂಟರ್ ಪರದೆಯ ತುಂಬ ತೆರೆದು ನೋಡಿದರೆ ಮೊದಲನೆಯದೇ ಚೆಂದ. ಆದರೆ ಅಷ್ಟು ದೊಡ್ಡದಾಗಿ ಅದನ್ನು ನೋಡುವವರು ನಾವಿಬ್ಬರೇ ಅಲ್ವಾ?

ಸ್ಟೀಮ್ ಕೇಳುವ ಅಳತೆಗಳು ಹಲವು, ಎಲ್ಲ ಪಿಕ್ಸೆಲ್ ಲೆಕ್ಕದಲ್ಲಿ. ಆಟದ ಪುಟದ ಮೇಲ್ಭಾಗದಲ್ಲಿ ಕಾಣುವ ಹೆಡರ್‌ಗೆ 920×430, ಮುಖ್ಯ ಕ್ಯಾಪ್ಸೂಲ್‌ಗೆ 1232×706, ನಿಲುವಿನದಕ್ಕೆ 748×896, ಸಣ್ಣದಕ್ಕೆ 462×174. ಈ ಸಣ್ಣದೇ ನಿಜವಾದ ಪರೀಕ್ಷೆ. ಹುಡುಕಾಟದ ಪಟ್ಟಿಯಂಥ ಜಾಗಗಳಲ್ಲಿ ಕಾಣುವುದು ಅದೇ. ಅದನ್ನು ಇನ್ನೂ ಕುಗ್ಗಿಸಿ 120×45ರಷ್ಟು ಚಿಕ್ಕದಾಗಿಯೂ ತೋರಿಸುತ್ತಾರೆ. ಮೂರನ್ನೂ ಆ ಅಳತೆಗೆ ಇಳಿಸಿ ಪಕ್ಕಪಕ್ಕದಲ್ಲಿಟ್ಟೆ. ಬಂಡೆಯ ಮೇಲಿನ ಹುಡುಗಿ ನಾಲ್ಕಾರು ಚುಕ್ಕಿಯಾಗಿ ಹೋದಳು. ಮೂರನೆಯದರಲ್ಲಿ ಮೃಗ ಉಳಿಯಿತು, ಹುಡುಗಿ ಮಾಯ. ಎರಡನೆಯದರಲ್ಲಿ ಮುಖ ಮಸುಕಾಯಿತು ನಿಜ, ಆದರೆ ಆ ಓರೆ ಗೆರೆಯೂ ಹಳದಿ ಕಣ್ಣೂ ಹಾಗೇ ನಿಂತವು.

ಆಮೇಲೆ ಅಕ್ಕಪಕ್ಕದ ಲೆಕ್ಕ. ಪಿಕ್ಸೆಲ್ ಆ್ಯಕ್ಷನ್ ಆಟಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ನಡುವಿನ ಒಂದು ಆಟದ ಜಾಗದಲ್ಲಿ ನಮ್ಮದನ್ನು ಅಂಟಿಸಿದೆ. ಇದನ್ನು ಮಾಡದೆ ಯಾರೂ ಕವರ್ ಒಪ್ಪಬಾರದು ಅಂತ ನನ್ನ ಖಚಿತ ಅಭಿಪ್ರಾಯ. ಸ್ಟೀಮ್ ಪುಟದ ಹಿನ್ನೆಲೆ ಕಡು ನೀಲಿ. ನಮ್ಮ ಕಾಡೂ ಕಡು ನೀಲಿ ಹಸಿರು. ಹಾಗಾಗಿ ಮೊದಲನೆಯ ಕವರ್‌ನ ಅಂಚು ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಅದೇ ಸ್ಕ್ರೀನ್‌ಶಾಟನ್ನು ಕಪ್ಪುಬಿಳುಪು ಮಾಡಿದಾಗ ಇನ್ನೊಂದು ವಿಷಯ ಕಂಡಿತು. ಎರಡನೆಯದರಲ್ಲಿ ಹುಡುಗಿಯ ಕೆಂಪು ಬಟ್ಟೆ ಹಸಿರು ಎಲೆಗಳ ಮುಂದೆ ಎದ್ದು ಕಾಣುತ್ತದೆ ಅಂದುಕೊಂಡಿದ್ದೆ. ಬಣ್ಣ ತೆಗೆದರೆ ಕೆಂಪೂ ಹಸಿರೂ ಒಂದೇ ಬೂದಿ. ಅಂದರೆ ಬಣ್ಣ ಬೇರೆ ಇತ್ತೇ ಹೊರತು ಬೆಳಕು ಬೇರೆ ಇರಲಿಲ್ಲ. ಕೆಂಪನ್ನು ಮುಟ್ಟದೆ ಅವಳ ಹಿಂದಿನ ಎಲೆಗಳ ಜಾಗಕ್ಕೆ ಮಂಜು ಹಾಕಿದೆ, ಮಾಸಲು ಬಿಳಿ ಬಣ್ಣದ್ದು. ಭುಜದ ಗೆರೆ ತಕ್ಷಣ ಬಿಡಿಸಿಕೊಂಡಿತು.

ಜನರಿಗೆ ತೋರಿಸುವಾಗ "ಹೇಗಿದೆ?" ಅಂತ ಕೇಳುವುದು ದಂಡ. ನಮ್ಮವರು ಅನ್ನಿಸಿಕೊಂಡವರು "ಸೂಪರ್" ಅಂದೇ ಅನ್ನುತ್ತಾರೆ, ಪಾಪ, ಪ್ರೀತಿಯಿಂದ. ನಾನು ಮೊಬೈಲಿನಲ್ಲಿ ಎರಡು ಸೆಕೆಂಡ್ ತೋರಿಸಿ ಮುಚ್ಚುತ್ತಿದ್ದೆ. ಆಮೇಲೆ ಒಂದೇ ಪ್ರಶ್ನೆ: ಈ ಆಟದಲ್ಲಿ ಏನು ಮಾಡಬೇಕು? ಬಂಡೆಯ ಕವರ್ ನೋಡಿದವರು ಸುತ್ತಾಡುವ ಆಟ, ಕಥೆ ಹೇಳುವ ಆಟ ಅಂದರು. ಮೃಗದ್ದಕ್ಕೆ ದೆವ್ವದ ಆಟ ಅಂದರು. ಎರಡನೆಯದನ್ನು ಪಕ್ಕದ ಮನೆ ಹುಡುಗನಿಗೆ ತೋರಿಸಿ ಮುಚ್ಚಿದೆ. ಅವನು ತಿರುಗಿ ನನ್ನನ್ನೇ ಕೇಳಿದ: "ಅಕ್ಕಾ, ಈಟಿ ಎಸೀಬೇಕಾ, ಚುಚ್ಚಬೇಕಾ?" ನಮ್ಮ ಆಟದಲ್ಲಿ ಎರಡೂ ಇದೆ. ಎಸೆದರೆ ಮತ್ತೆ ಓಡಿ ತರಬೇಕು, ಅಲ್ಲಿಯವರೆಗೆ ಬರಿಗೈ. ಇಡೀ ಆಟ ನಿಂತಿರುವುದೇ ಆ ಆಯ್ಕೆಯ ಮೇಲೆ. ಒಂದು ಮಾತೂ ಹೇಳದೆ ಕವರ್ ಅದನ್ನು ಅವನ ತಲೆಗೆ ಹಾಕಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಇನ್ನು ಪಿಕ್ಸೆಲ್‌ನಲ್ಲೇ ಬರೆಯಬೇಕಾ ಅನ್ನುವ ದೊಡ್ಡ ಪ್ರಶ್ನೆ. ಶವೆಲ್ ನೈಟ್, ಸೆಲೆಸ್ಟ್, ಡೆಡ್ ಸೆಲ್ಸ್ ಒಳಗೆಲ್ಲ ಪಿಕ್ಸೆಲ್ ಶೈಲಿಯ ಆಟಗಳೇ, ಆದರೆ ಅವುಗಳ ಕವರ್ ಮಾಮೂಲಿ ಚಿತ್ರ. ಅದಕ್ಕೆ ಕಾರಣವೂ ಇದೆ. ಆಟದೊಳಗೆ ಓಡಾಡುವ ಪಾತ್ರದ ಪುಟ್ಟ ಚಿತ್ರದಲ್ಲಿ, ಅಂದರೆ ಸ್ಪ್ರೈಟ್‌ನಲ್ಲಿ, ಮುಖಭಾವಕ್ಕೆ ಜಾಗವೇ ಇರುವುದಿಲ್ಲ. ನಮ್ಮ ಹುಡುಗಿಯ ಎತ್ತರ 32 ಪಿಕ್ಸೆಲ್, ಕಣ್ಣು ಅಂದರೆ ಒಂದು ಚುಕ್ಕಿ. ಅದನ್ನೇ ಹಿಗ್ಗಿಸಿ ಕವರ್‌ಗೆ ಹಾಕಿದರೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಆದರೂ ನಾವು ಪಿಕ್ಸೆಲ್ ಬಿಡಲಿಲ್ಲ. ಪಿಕ್ಸೆಲ್ ಆಟ ಬೇಕು ಅಂತ ಹುಡುಕುವವರಿಗೆ ಕವರ್‌ನಲ್ಲೇ ಅದು ಸಿಗಬೇಕು. ಒಳಗಿನ ಕೈ ಹೊರಗೂ ಕಾಣಬೇಕು ಅನ್ನುವುದು ನನ್ನ ಆಸೆ ಕೂಡ. ಅದಕ್ಕೆ ಕವರ್‌ಗೆಂದೇ ದೊಡ್ಡ ಗ್ರಿಡ್‌ನಲ್ಲಿ ಹೊಸದಾಗಿ ಬರೆದೆ.

ಇದಕ್ಕೊಂದು ಅನುಕೂಲ ಇದೆ. ಸ್ಟೀಮ್‌ನ ಆ ನಾಲ್ಕು ಅಳತೆಗಳೂ ಸರಿಯಾಗಿ ಅರ್ಧವಾಗುತ್ತವೆ. 462×174 ಬೇಕಿದ್ದರೆ 231×87ರಲ್ಲಿ ಬರೆದು, ನಿಯರೆಸ್ಟ್ ನೇಬರ್‌ನಲ್ಲಿ (ಬಣ್ಣ ಬೆರೆಸದೆ ಪ್ರತಿ ಚುಕ್ಕಿಯನ್ನೂ ಹಾಗೇ ಹಿಗ್ಗಿಸುವ ವಿಧಾನ) ನೇರ ಎರಡು ಪಟ್ಟು ಮಾಡಿದರಾಯಿತು. ಪಿಕ್ಸೆಲ್ ಚೌಕವಾಗಿಯೇ ಉಳಿಯುತ್ತದೆ. ಒಂದೂವರೆ ಪಟ್ಟು, ಒಂದೂಕಾಲು ಪಟ್ಟು ಅಂತ ಹೋದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ ಆಗಿ ಗೆರೆಗಳೆಲ್ಲ ಹಲ್ಲುಹಲ್ಲಾಗುತ್ತವೆ. ಪ್ರತಿ ಅಳತೆಗೂ ಬೇರೆಯಾಗಿ ಬರೆಯಬೇಕು, ಒಂದನ್ನೇ ಕತ್ತರಿಸಿ ಎಲ್ಲ ಕಡೆ ಹಾಕುವುದು ನಡೆಯಲ್ಲ. ಜಾಸ್ತಿ ಕೆಲಸ, ಆದರೆ ಬೇರೆ ದಾರಿ ಇಲ್ಲ. ನಾವು ಚುಕ್ಕಿ ಕೆಡದ ಪಿಎನ್‌ಜಿ ಫೈಲ್ ಕೊಟ್ಟರೂ ಅಂಗಡಿಯಲ್ಲಿ ಅದು ಸಣ್ಣ ವಿವರ ಕೆಡಿಸುವ ಜೆಪೆಗ್ ಆಗಿ, ಕುಗ್ಗಿ ಕಾಣುತ್ತದೆ ಅನ್ನುವುದನ್ನೂ ನೆನಪಿಡಬೇಕು. ಡಿದರಿಂಗ್ ಅಂತ ಒಂದು ಬಿಟ್ಟು ಒಂದು ಚುಕ್ಕಿ ಇಟ್ಟು ಬಣ್ಣ ಬೆರೆಸುತ್ತೇವಲ್ಲ, ಅದು ಅಲ್ಲಿ ಬರೀ ಕೊಳೆಯ ಹಾಗೆ ಕಂಡಿತು. ಸಣ್ಣ ಕ್ಯಾಪ್ಸೂಲ್‌ನಲ್ಲಿ ಅದನ್ನೆಲ್ಲ ತೆಗೆದು ಚಪ್ಪಟೆ ಬಣ್ಣ ತುಂಬಿದೆ.

ಅದೇ ಸಣ್ಣದರಲ್ಲಿ ಲೋಗೋ ಹೆಚ್ಚುಕಡಿಮೆ ಇಡೀ ಜಾಗ ತಿನ್ನಬೇಕು. 231ರ ಗ್ರಿಡ್‌ನಲ್ಲಿ ಒಂದು ಪಿಕ್ಸೆಲ್ ದಪ್ಪದ ಗೆರೆ 120ಕ್ಕೆ ಇಳಿದಾಗ ಅಳಿಸಿಹೋಗುತ್ತದೆ. ನಮ್ಮ ಅಕ್ಷರಗಳ ಗೆರೆಯನ್ನು ನಾಲ್ಕು ಪಿಕ್ಸೆಲ್ ಮಾಡಿದೆವು. ಹಿಂದೆ ಈಟಿಯ ಮೊನೆ, ಕಣ್ಣು, ಅಷ್ಟೇ. ಹುಡುಗಿ ಅಲ್ಲಿ ಇಲ್ಲವೇ ಇಲ್ಲ. ಸ್ಟೀಮ್ ನಿಯಮದಂತೆ 2022ರ ಸೆಪ್ಟೆಂಬರ್‌ನಿಂದ ಕ್ಯಾಪ್ಸೂಲ್ ಮೇಲೆ ಆಟದ ಚಿತ್ರ, ಹೆಸರು, ಉಪಶೀರ್ಷಿಕೆ ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ಪ್ರಶಸ್ತಿ, ವಿಮರ್ಶೆಯ ಅಂಕ, ರಿಯಾಯಿತಿ ಯಾವುದೂ ಇಲ್ಲ. ಒಳ್ಳೆಯ ನಿಯಮ. ನಮ್ಮಂಥ ಚಿಕ್ಕ ತಂಡಕ್ಕೂ ದೊಡ್ಡವರಿಗೂ ಚಿತ್ರ ಒಂದೇ ಬಂಡವಾಳ.

ಕವರ್ ಹಾಕಿದ ಮೇಲೆ, ಆಟ ಮಾಡುವವರಿಗೆಂದೇ ಸ್ಟೀಮ್ ಕೊಡುವ ಸ್ಟೀಮ್‌ವರ್ಕ್ಸ್‌ನ ಟ್ರಾಫಿಕ್ ವರದಿ ನೋಡಬೇಕು. ಎಷ್ಟು ಸಲ ಕಣ್ಣಿಗೆ ಬಿತ್ತು, ಅದರಲ್ಲಿ ಎಷ್ಟು ಜನ ಒಳಗೆ ಬಂದರು ಅನ್ನುವುದು ಅಲ್ಲಿ ಸಿಗುತ್ತದೆ. ನಾವು ಹೊರಗಿನ ಲಿಂಕ್ ಹಿಡಿದು ಬಂದವರನ್ನು ಬಿಟ್ಟು ಲೆಕ್ಕ ಹಾಕುತ್ತೇವೆ, ಏಕೆಂದರೆ ಅವರು ಕವರ್ ನೋಡಿ ಬಂದವರಲ್ಲ. ಬರಲಿರುವ ಆಟಗಳ ಡೆಮೊ ತೋರಿಸುವ ಸ್ಟೀಮ್‌ನ ಹಬ್ಬ ನೆಕ್ಸ್ಟ್ ಫೆಸ್ಟ್ ಅಥವಾ ದೊಡ್ಡ ಸೇಲ್ ನಡೆಯುವಾಗ ಕವರ್ ಬದಲಿಸುವುದಿಲ್ಲ. ಆಗ ಏರಿದ್ದು ಕವರ್‌ನಿಂದಲೋ ಹಬ್ಬದ ಗದ್ದಲದಿಂದಲೋ ಹೇಳಲಾಗದು.

ಈಗ ನಿಲುವಿನ 748×896 ಕೈಯಲ್ಲಿದೆ. ಅಡ್ಡ ಚೌಕಟ್ಟಿನಲ್ಲಿ ಓರೆಯಾಗಿದ್ದ ಈಟಿ ಇಲ್ಲಿ ಕೂರುವುದಿಲ್ಲ. ನೆಟ್ಟಗೆ ನಿಲ್ಲಿಸಿ, ಕಣ್ಣನ್ನು ಮೇಲಕ್ಕೆ ಒಯ್ದಿದ್ದೇನೆ. ಪಕ್ಕದ ಮನೆ ಹುಡುಗನಿಗೆ ಆಟ ಈಗ ಗೊತ್ತಿರುವುದರಿಂದ ಅವನ ಉತ್ತರ ಲೆಕ್ಕಕ್ಕಿಲ್ಲ. ಅವನ ಕಾಲೇಜಿನ ಗೆಳೆಯರಿಗೆ ತೋರಿಸಿಕೊಂಡು ಬಾ ಅಂತ ಮೂರು ಬಗೆ ಮಾಡಿ ಅವನ ಮೊಬೈಲಿಗೆ ಕಳಿಸಿದ್ದೇನೆ.