ಪಹಣಿ ಇಟ್ಟು ವೀಸಾ, 1.7ಕ್ಕೆ 86 ಅಂಕ: ಎರಡು ವಾರದ ಯುರೋಪ್ ಕೋರ್ಸು, ನನ್ನ ಅನುಭವ

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ಎರಡು ವಾರದ ಕೋರ್ಸಿಗೆ ಯುರೋಪಿಗೆ ಕಳಿಸುವ ಕೆಲಸ ನನ್ನದು. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಮೇಡಂ ಟ್ರಾವೆಲ್ಸ್’ ಎಂದು ಹೆಸರಿಟ್ಟಿದ್ದರು. ಇಂಜಿನಿಯರಿಂಗ್ ಹುಡುಗರು ಎರಡು ವಾರದಲ್ಲಿ ಯುರೋಪಿನಲ್ಲಿ ಏನು ಕಲಿತಾರು, ನಾಲ್ಕು ಫೋಟೋ ಹೊಡೆಸಿಕೊಂಡು ಬಂದಾರು ಅಷ್ಟೆ ಎಂಬುದು ಹಿರಿಯರ ತೀರ್ಮಾನವಾಗಿತ್ತು. ಈಗ ಮೂರು ಬ್ಯಾಚಿನಿಂದ ಒಂದು ವೀಸಾವೂ ತಿರಸ್ಕಾರವಾಗಿಲ್ಲ. ಹೋದವರೆಲ್ಲರ ಕ್ರೆಡಿಟ್ ಮಾರ್ಕ್ಸ್ ಕಾರ್ಡಿಗೆ ಏರಿದೆ, ತಲಾ ಖರ್ಚು ಒಂದೂವರೆ ಲಕ್ಷ ದಾಟಿಲ್ಲ. ಹೆಸರಿಟ್ಟವರೇ ಈಗ ಅಣ್ಣನ ಮಗಳಿಗೆ ಮುಂದಿನ ಬ್ಯಾಚಿನಲ್ಲಿ ಜಾಗ ಇದೆಯಾ ಎಂದು ಕೇಳುತ್ತಿದ್ದಾರೆ. ಇನ್ನು ಬರೆಯಬಹುದು ಅನ್ನಿಸಿತು. ಎಂಒಯು ಅಂದರೆ ಎರಡು ಸಂಸ್ಥೆಗಳ ನಡುವಿನ ಸಹಕಾರ ಒಪ್ಪಂದ, ಇಸಿಟಿಎಸ್ ಅಂದರೆ ಓದಿನ ದುಡಿಮೆ ಅಳೆಯುವ ಯುರೋಪಿನ ಕ್ರೆಡಿಟ್ ಲೆಕ್ಕ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ, ಈ ಕೆಲಸಕ್ಕೆ ಕೈ ಹಾಕಿದವರಿಗೆ ಗೊತ್ತಿರುತ್ತದೆ.

ಎಂಒಯುಗಳಿಗೇನೂ ನಮ್ಮಲ್ಲಿ ಬರವಿರಲಿಲ್ಲ. ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಹತ್ತು-ಹನ್ನೆರಡು ಫೈಲುಗಳಿದ್ದವು, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ಹೊರಗೆ ಬರುತ್ತಿದ್ದವು. ಒಂದೊಂದಕ್ಕೂ ಮೇಲ್ ಕಳಿಸಿದೆ. ಅರ್ಧದಷ್ಟು ಕಡೆ ಸಹಿ ಮಾಡಿದವರೇ ನಿವೃತ್ತರಾಗಿದ್ದರು. ಉತ್ತರ ಬಂದದ್ದು ಇಬ್ಬರಿಂದ, ಅದೂ ಇಂಟರ್‌ನ್ಯಾಷನಲ್ ಆಫೀಸುಗಳಿಂದಲ್ಲ, ಲ್ಯಾಬ್ ನಡೆಸುವ ಮೇಷ್ಟ್ರುಗಳಿಂದ. ಒಬ್ಬರು ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನೀರಿನ ಗುಣಮಟ್ಟ ಅಳೆಯುವ ಸೆನ್ಸರ್‌ಗಳ ಮೇಲೆ ಕೆಲಸ ಮಾಡುವವರು, ಇನ್ನೊಬ್ಬರು ಇಟಲಿಯವರು. ಅಂದಿನಿಂದ ನಾನು ಕುಲಪತಿ ಮಟ್ಟಕ್ಕೆ ಬರೆಯುವುದನ್ನೇ ಬಿಟ್ಟಿದ್ದೇನೆ. ಮೊದಲು ಮೇಷ್ಟ್ರು ಒಪ್ಪಬೇಕು, ಆಮೇಲೆ ಆಫೀಸು ತಾನಾಗಿ ಹಿಂದೆ ಬರುತ್ತದೆ. ಮೊದಲ ಇಮೇಲಿನಲ್ಲಿ ಏನು ಲಗತ್ತಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಂಒಯು ಪ್ರತಿಯನ್ನಂತೂ ಅಲ್ಲ.

ಮೊದಲ ಬ್ಯಾಚನ್ನು ಕಳಿಸಿದ್ದು ಒಬ್ಬ ಏಜೆಂಟರ ಮೂಲಕ, ಜುಲೈ ತಿಂಗಳ ಸಮ್ಮರ್ ಸ್ಕೂಲಿಗೆ. ತಲಾ ಎರಡು ಮುಕ್ಕಾಲು ಲಕ್ಷ. ಹೋದವರೆಲ್ಲ ಉಳ್ಳವರ ಮನೆಯ ಮಕ್ಕಳು. ನಮ್ಮ ಸೆಮಿಸ್ಟರ್ ಪರೀಕ್ಷೆಗೂ ಆ ಕೋರ್ಸಿಗೂ ನಾಲ್ಕು ದಿನ ಡಿಕ್ಕಿ, ಒಬ್ಬಳು ಕೊನೆಯ ಪೇಪರ್ ಬಿಟ್ಟೇ ಹೊರಟಳು. ಇಬ್ಬರಿಗೆ ವೀಸಾ ಸಿಗಲಿಲ್ಲ. ಅವರಲ್ಲೊಬ್ಬ ಹತ್ತು ದಿನ ಕೋರ್ಸು, ಆಮೇಲೆ ಇನ್ನೊಂದು ದೇಶದಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಹನ್ನೆರಡು ದಿನ ಎಂದು ಪ್ರಯಾಣಪಟ್ಟಿ ಕೊಟ್ಟಿದ್ದ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿಯನ್ನು ಯಾವ ದೇಶ ಮುಖ್ಯ ಗುರಿಯೋ ಅಲ್ಲಿಗೆ ಹಾಕಬೇಕು, ಅವನ ಪಟ್ಟಿ ನೋಡಿದವರಿಗೆ ಮುಖ್ಯ ಗುರಿ ಕೋರ್ಸೋ ಚಿಕ್ಕಪ್ಪನೋ ತಿಳಿಯಬೇಕಲ್ಲ! ಶುಲ್ಕವೂ ವಾಪಸ್ ಬರಲಿಲ್ಲ. ಈಗ ನನ್ನ ನಿಯಮ ಇಷ್ಟೇ: ಕೋರ್ಸಿನ ಹಿಂದೊಂದು ದಿನ, ಮುಂದೊಂದು ದಿನ. ನೆಂಟರನ್ನು ನೋಡುವ ಆಸೆ ಇದ್ದರೆ ಇನ್ನೊಂದು ವರ್ಷ ಅಪ್ಪ-ಅಮ್ಮನ ಜೊತೆ ಹೋಗಲಿ.

ದಾರಿ ಬದಲಾದದ್ದು ತಿಂಗಳು ಬದಲಾಯಿಸಿದ ಮೇಲೆ. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ. ಅದಕ್ಕೆ ಮೊದಲು ಲ್ಯಾಬ್‌ಗಳು ಖಾಲಿ, ಒಂದೆರಡು ವಾರದಲ್ಲಿ ಒಟ್ಟಿಗೆ ಮುಗಿಸುವ ಬ್ಲಾಕ್ ಕೋರ್ಸ್ ನಡೆಸಲು ಮೇಷ್ಟ್ರುಗಳಿಗೆ ಪುರುಸೊತ್ತು. ನಮಗೆ ಗಾಂಧಿ ಜಯಂತಿ, ದಸರಾ ರಜೆ. ಒಂದು ಇಂಟರ್ನಲ್ ಟೆಸ್ಟನ್ನು ಮುಂದೂಡಿಸಿದರೆ ಸಾಕು. ಜುಲೈನಲ್ಲಿ ಎಂಬತ್ತು ಸಾವಿರ ಮುಟ್ಟುವ ಟಿಕೆಟ್ಟು ಆಗ ಗಲ್ಫ್ ಮೂಲಕ ಐವತ್ತೈದರ ಆಸುಪಾಸಿಗೆ ಸಿಗುತ್ತದೆ. ಅಕ್ಟೋಬರ್ 1ರಿಂದಲೇ ಶುರುವಾಗಲಿ ಎಂದು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ದೇಶದ ಎಲ್ಲ ಸಿಟಿ ಬಸ್ಸು, ಲೋಕಲ್ ರೈಲುಗಳಿಗೆ ನಡೆಯುವ ಡಾಯ್ಚ್‌ಲಾಂಡ್‌ಟಿಕೆಟ್ (2025ರಲ್ಲಿ 58 ಯೂರೋ) ಕ್ಯಾಲೆಂಡರ್ ತಿಂಗಳಿನ ಲೆಕ್ಕದ್ದು. ಕೋರ್ಸು ಎರಡು ತಿಂಗಳಿಗೆ ಹರಡಿದರೆ ಎರಡು ಟಿಕೆಟ್. ಅದು ಚಂದಾ ರೂಪದ ಟಿಕೆಟ್ ಬೇರೆ, 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ಟಾಗುತ್ತದೆ. ಒಬ್ಬ ಪುಣ್ಯಾತ್ಮ ಡಿಸೆಂಬರ್‌ವರೆಗೂ ಬನಶಂಕರಿಯಲ್ಲಿ ಕೂತು ಕಟ್ಟಿದ.

ವೀಸಾ ಫೈಲೇ ನಿಜವಾದ ಕೆಲಸ. ಎರಡನೇ ಬ್ಯಾಚಿನಲ್ಲಿ ಮದ್ದೂರು ಕಡೆಯ ಒಬ್ಬ ಹುಡುಗ ಇದ್ದ. ಮೂರೂವರೆ ಎಕರೆ ಕಬ್ಬು, ನಾಲ್ಕು ಹಸು. ತಂದೆಗೆ ಐಟಿ ರಿಟರ್ನ್ಸ್ ಇಲ್ಲ, ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ. ‘ಮೂರು ವರ್ಷದ ರಿಟರ್ನ್ಸ್ ಇಲ್ಲದಿದ್ದರೆ ಮುಟ್ಟಲೇಬೇಡಿ’ ಎಂದಿದ್ದ ನಮ್ಮ ಹಳೆಯ ಏಜೆಂಟ್. ನಾವು ಪಹಣಿ ತೆಗೆಸಿದೆವು, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಹಾಲಿನ ಡೇರಿಯಿಂದ ಬ್ಯಾಂಕಿಗೆ ಬೀಳುವ ಬಟವಾಡೆಯ ಪಾಸ್‌ಬುಕ್ ಪುಟಗಳು. ಎಲ್ಲವನ್ನೂ ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ, ಮೇಲೆ ಒಂದು ಪುಟದ ಲೆಕ್ಕ: ವರ್ಷಕ್ಕೆ ಯಾವುದರಿಂದ ಎಷ್ಟು, ಅದರ ಸಾಕ್ಷಿ ಫೈಲಿನ ಎಷ್ಟನೇ ಪುಟದಲ್ಲಿ. ಡೇರಿ ದುಡ್ಡು ತಪ್ಪದೆ ಬೀಳುವುದರಿಂದ ಆ ಪಾಸ್‌ಬುಕ್ ಸಂಬಳದ ಖಾತೆಯಂತೆಯೇ ಕಾಣುತ್ತದೆ. ಅರ್ಜಿಗೆ ಒಂದು ವಾರ ಮೊದಲು ಯಾರದೋ ಮೂರು ಲಕ್ಷ ತಂದು ಖಾತೆಗೆ ಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆ ತಂದೆ ಫೋನಿನಲ್ಲಿ, ‘ಅಲ್ಲ ಮೇಡಂ, ಹಸೀನ ಲೆಕ್ಕಾನೂ ಕೇಳ್ತಾರಾ ಅವ್ರು?’ ಎಂದರು. ‘ಕೇಳಲ್ಲ ಯಜಮಾನ್ರೇ, ನಾವೇ ಕೊಡೋದು’ ಎಂದೆ. ವೀಸಾ ಬಂತು. ಅದೇ ಫೈಲು ಈಗ ನಮ್ಮ ಮಾದರಿ.

ಶುಲ್ಕದ ಮಾತು. 2024ರ ಜೂನ್‌ನಿಂದ ಷೆಂಗೆನ್ ಅಲ್ಪಾವಧಿ ವೀಸಾಕ್ಕೆ 90 ಯೂರೋ. ಆದರೆ ಓದು ಅಥವಾ ತರಬೇತಿಗೆಂದು ಹೋಗುವ ವಿದ್ಯಾರ್ಥಿಗಳಿಗೂ ಜೊತೆಗೆ ಹೋಗುವ ಶಿಕ್ಷಕರಿಗೂ ಆ ಶುಲ್ಕ ಇಲ್ಲ, ಯುರೋಪಿನ ವೀಸಾ ಸಂಹಿತೆಯ 16ನೇ ವಿಧಿಯಲ್ಲೇ ಹಾಗೆಂದು ಬರೆದಿದೆ. ವೀಸಾ ಅರ್ಜಿ ಕೇಂದ್ರದ ಕೌಂಟರಿನಲ್ಲಿ ಕೂತವರು ‘ಅಂಥದ್ದೇನಿಲ್ಲ’ ಎನ್ನಬಹುದು, ನಮಗೂ ಹಾಗೆ ಆಯಿತು. ವಿಧಿಯ ಪುಟ, ಆತಿಥೇಯ ವಿಶ್ವವಿದ್ಯಾಲಯದ ಪತ್ರ, ನಮ್ಮ ಕಾಲೇಜಿನ ಬೋನಫೈಡ್ ಮೂರನ್ನೂ ಪಿನ್ ಮಾಡಿ ಕೊಟ್ಟ ಮೇಲೆ ಮೇಲಿನವರನ್ನು ಕೇಳಿ ಒಪ್ಪಿದರು. ಸೇವಾ ಶುಲ್ಕ ಮಾತ್ರ ಬಿಡುವುದಿಲ್ಲ. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ, ನಾವು ಜೂನ್ ಕೊನೆಗೆ ಹಾಕುತ್ತೇವೆ. 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ, ಎರಡು ವಾರಕ್ಕೆ ಒಂದೂವರೆ ಸಾವಿರದೊಳಗೆ ಮುಗಿಯುತ್ತದೆ.

ಕ್ರೆಡಿಟ್ ವಿಷಯದಲ್ಲಿ ಪರೀಕ್ಷಾ ವಿಭಾಗದ ಜೊತೆ ನಡೆದದ್ದು ಮಹಾಯುದ್ಧ. ಮೊದಲ ಸಲ ಜರ್ಮನಿಯಿಂದ ಅಂಕಪಟ್ಟಿ ಬಂದಾಗ ನಮ್ಮ ಅತ್ಯುತ್ತಮ ಹುಡುಗಿಗೆ 1.7 ಇತ್ತು. ಗುಮಾಸ್ತರು ಹತ್ತಕ್ಕೆ 1.7 ಎಂದು ನಮೂದಿಸಿ ಫೇಲ್ ಮಾಡಿಬಿಟ್ಟರು. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು ಎಂದರೆ ನಂಬಲೊಲ್ಲರು. ಕೊನೆಗೆ ಜರ್ಮನರು ಹೊರದೇಶದ ಅಂಕಗಳನ್ನು ತಮ್ಮದಕ್ಕೆ ಇಳಿಸಲು ಬಳಸುವ ಬವೇರಿಯನ್ ಸೂತ್ರವನ್ನೇ ತಿರುಗಿಸಿ ಹಾಕಿದೆ. ನೂರು ಗರಿಷ್ಠ, ನಲವತ್ತು ಪಾಸು ಎಂದಿಟ್ಟುಕೊಂಡರೆ 1.7ಕ್ಕೆ 86 ಬರುತ್ತದೆ. ಇಟಲಿಯಲ್ಲಿ ಮೂವತ್ತಕ್ಕೆ ಹದಿನೆಂಟು ಪಾಸು, ಹಾಗಾಗಿ ಅಲ್ಲಿನ 27 ನಮ್ಮ 85. ಇದನ್ನು ಪಠ್ಯಕ್ರಮ ನಿರ್ಧರಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಮೊದಲೇ ಪಾಸ್ ಮಾಡಿಸಿಕೊಳ್ಳಿ, ಹುಡುಗರು ವಾಪಸ್ ಬಂದ ಮೇಲಲ್ಲ. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆ ದುಡಿಮೆ, ಮೂರಕ್ಕೆ ನಾವು ಎರಡು ಕ್ರೆಡಿಟ್ ಕೊಡುತ್ತೇವೆ. ‘ಎರಡು ವಾರಕ್ಕೆ ಕ್ರೆಡಿಟ್ಟೇ?’ ಎಂದವರಿಗೆ ಯುರೋಪಿನ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್‌ನ ನಿಯಮ ತೋರಿಸಿದೆ: ಅವರ ಬ್ಲೆಂಡೆಡ್ ಇಂಟೆನ್ಸಿವ್ ಕಾರ್ಯಕ್ರಮದಲ್ಲಿ ಐದರಿಂದ ಮೂವತ್ತು ದಿನ ಅಲ್ಲಿ ಹೋಗಿ ಕೂತು, ಉಳಿದದ್ದು ಆನ್‌ಲೈನಿನಲ್ಲಿ ಮುಗಿಸಿದರೆ ಕನಿಷ್ಠ ಮೂರು ಇಸಿಟಿಎಸ್ ಸಿಗುತ್ತದೆ. ಯುರೋಪಿನವರಿಗೆ ಸಾಕಾದದ್ದು ನಮಗೆ ಸಾಲದೇ? ಅಲ್ಲಿಗೆ ಸುಮ್ಮನಾದರು.

ಆಯ್ಕೆಗೆ ಸಿಜಿಪಿಎ (ಹತ್ತಕ್ಕೆ ಎಷ್ಟು ಎಂಬ ಸರಾಸರಿ ಅಂಕ) ನೋಡುವುದನ್ನು ಬಿಟ್ಟಿದ್ದೇನೆ. ಒಂಬತ್ತರ ಮೇಲಿದ್ದವರೇ ಅಲ್ಲಿ ಮೌಖಿಕ ಪರೀಕ್ಷೆಯಲ್ಲಿ ಬಾಯಿ ಬಿಡದೆ ನಿಂತರು. ಈಗ ಒಂದು ಕೆಟ್ಟುಹೋದ ಸರ್ಕ್ಯೂಟ್ ಬೋರ್ಡು ಕೊಟ್ಟು, ಇಪ್ಪತ್ತು ನಿಮಿಷ ರಿಪೇರಿ ಮಾಡುತ್ತಾ ಏನು ಮಾಡುತ್ತಿದ್ದೀರಿ ಎಂದು ಜೋರಾಗಿ ಹೇಳಿ ಎನ್ನುತ್ತೇನೆ. ರಿಪೇರಿ ಆಗದಿದ್ದರೂ ಪರವಾಗಿಲ್ಲ. ಯಾವ ದೋಷ ಇಟ್ಟಿರುತ್ತೇನೆ ಎಂದು ಹೇಳಲಾರೆ, ಮುಂದಿನ ಬ್ಯಾಚಿನವರೂ ಓದುತ್ತಾರೆ. ಆಯ್ಕೆಯಾದವರಿಗೆ ಒಂದೂವರೆ ತಿಂಗಳು ಶನಿವಾರ ಮಧ್ಯಾಹ್ನ ತಯಾರಿ. ಮೇಷ್ಟ್ರನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳುವ ಅಭ್ಯಾಸವೂ ಅದರಲ್ಲಿ ಸೇರಿದೆ. ಮೊದಮೊದಲು ‘ಹಾಗೆ ಹೇಗೆ ಮೇಡಂ ಕೇಳೋದು’ ಎಂದು ನಾಚುತ್ತಾರೆ.

ನಡುವೆ ಎರಡು ಪ್ರಯೋಗ ಮಾಡಿದೆ. ಒಂದು, ದುಡ್ಡೇ ಬೇಡ ಎಂದು ಪೂರ್ತಿ ಆನ್‌ಲೈನ್ ಜಂಟಿ ಕೋರ್ಸು. ಅಲ್ಲಿ ಬೇಸಿಗೆಯ ಮಧ್ಯಾಹ್ನ ಎರಡು ಅಂದರೆ ನಮಗೆ ಸಂಜೆ ಐದೂವರೆ. ಅರ್ಧ ಕ್ಲಾಸು ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನೇತಾಡುತ್ತಾ ಮ್ಯೂಟ್‌ನಲ್ಲಿರುತ್ತಿತ್ತು. ಮೂರನೇ ವಾರಕ್ಕೆ ನಿಂತಿತು. ಇನ್ನೊಂದು, ಅವರ ಹುಡುಗರನ್ನೇ ಇಲ್ಲಿಗೆ ಕರೆಸುವುದು. ಅವರಿಗೆ ಬಿಡುವಿರುವ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಏಳೆಂಟು ಜನ ಬಂದರು. ಜಕ್ಕೂರು ಕೆರೆಯಲ್ಲಿ ಕೊಳಚೆ ಸಂಸ್ಕರಣಾ ಘಟಕದ ನೀರು ಜೌಗು ಪ್ರದೇಶ ಹಾದು ಕೆರೆ ಸೇರುತ್ತದಲ್ಲ, ಆ ದಾರಿಯುದ್ದಕ್ಕೂ ಕರಗಿದ ಆಮ್ಲಜನಕ, ನೈಟ್ರೇಟ್ ಅಳೆಸಿದೆವು. ನೀರಿನಲ್ಲಿ ಇಳಿಸಿ ಅಳೆಯುವ ಅವರ ದುಬಾರಿ ಪ್ರೋಬ್‌ಗೆ ಎರಡೇ ದಿನದಲ್ಲಿ ಪಾಚಿ ಕಟ್ಟಿತು, ನಮ್ಮ ಹುಡುಗರು ಹಳೆಯ ಟೂತ್‌ಬ್ರಶ್ಶು, ಸಣ್ಣ ಮೋಟಾರು ಸೇರಿಸಿ ಒರೆಸುವ ಸಾಧನ ಮಾಡಿಕೊಟ್ಟರು. ಈ ಪ್ರಯೋಗದಿಂದಲೇ ಕೋರ್ಸ್ ಶುಲ್ಕ ಹೋಯಿತು: ನೀವು ನಮ್ಮ ಹುಡುಗರಿಂದ ತೆಗೆದುಕೊಳ್ಳಬೇಡಿ, ನಾವು ನಿಮ್ಮವರಿಂದ ತೆಗೆದುಕೊಳ್ಳುವುದಿಲ್ಲ ಎಂದು ಅರ್ಧ ಪುಟದ ಒಪ್ಪಂದ. ಬೀರುವಿನ ಫೈಲುಗಳೆಲ್ಲ ಸೇರಿ ಕೊಡದ್ದನ್ನು ಅದೊಂದೇ ಕೊಟ್ಟಿದೆ.

ಉಳಿದ ಖರ್ಚು ನೆನಪಿನಿಂದ ಹೇಳುತ್ತೇನೆ. ಯೂತ್ ಹಾಸ್ಟೆಲಿನ ಆರು ಮಂಚದ ಕೋಣೆಗೆ ತಲಾ ನಲವತ್ತು ಸಾವಿರದೊಳಗೆ. ಊಟಕ್ಕೆ ಹದಿನೈದು ಸಾವಿರ, ಅದೂ ಆತಿಥೇಯರಿಂದ ಅತಿಥಿ ವಿದ್ಯಾರ್ಥಿ ಕಾರ್ಡು ಕೇಳಿ ಪಡೆದರೆ ಮಾತ್ರ. ಅದಿಲ್ಲದಿದ್ದರೆ ವಿದ್ಯಾರ್ಥಿಗಳ ಕ್ಯಾಂಟೀನಾದ ಮೆನ್ಸಾದಲ್ಲಿ ಹೊರಗಿನವರ ದರ, ಹೆಚ್ಚುಕಮ್ಮಿ ಎರಡರಷ್ಟು. ಟಿಕೆಟ್ಟು, ಓಡಾಟ, ವಿಮೆ, ಕೈಖರ್ಚು ಎಲ್ಲ ಸೇರಿ ಒಂದು ಲಕ್ಷ ಮೂವತ್ತರಿಂದ ನಲವತ್ತೈದು ಸಾವಿರ. ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಇಬ್ಬರು-ಮೂವರಿಗೆ ಬಡ್ಡಿಯಿಲ್ಲದೆ ತಲಾ ಅರವತ್ತು ಸಾವಿರ ಕೊಡಿಸುತ್ತೇವೆ, ಕೆಲಸ ಸಿಕ್ಕ ಮೇಲೆ ಹಿಂದಿರುಗಿಸಬೇಕು. ಇದುವರೆಗೆ ಒಬ್ಬನನ್ನು ಬಿಟ್ಟು ಎಲ್ಲರೂ ಕೊಟ್ಟಿದ್ದಾರೆ, ಅವನೂ ಈ ಯುಗಾದಿಗೆ ಅಂದಿದ್ದಾನೆ. ಚಟ್ನಿಪುಡಿ, ಅವಲಕ್ಕಿ ಎಷ್ಟು ಬೇಕಾದರೂ ಒಯ್ಯಲಿ, ತುಪ್ಪ ಮತ್ತು ಹಾಲಿನ ಸಿಹಿ ಬೇಡ, ಹೊರಗಿನಿಂದ ಬರುವ ಪ್ರಯಾಣಿಕರು ಹಾಲು-ಮಾಂಸದ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ತಾಯಂದಿರಿಗೆ ಇದನ್ನು ಹೇಳುವುದು ವೀಸಾಕ್ಕಿಂತ ಕಷ್ಟ.

ಪ್ರಿನ್ಸಿಪಾಲರು ಈಗ ಮುಂದಿನ ಬ್ಯಾಚು ಇಪ್ಪತ್ತೈದಕ್ಕೆ ಏರಲಿ ಎನ್ನುತ್ತಿದ್ದಾರೆ. ಜರ್ಮನ್ ಮೇಷ್ಟ್ರ ಲ್ಯಾಬಿನಲ್ಲಿ ಇರುವುದೇ ಎಂಟು ಬೆಂಚು. ಎಂಟರ ಮೇಲೆ ಒಬ್ಬರನ್ನೂ ಕಳಿಸುವುದಿಲ್ಲ ಎಂದು ಬರೆದು ಕೊಟ್ಟಿದ್ದೇನೆ. ಅಣ್ಣನ ಮಗಳೂ ಬೋರ್ಡು ರಿಪೇರಿಗೆ ಕೂರಲೇಬೇಕು.