ಇಬ್ಬರಿಗೆ ಒಂದೇ ಪಾತ್ರೆ: ಮನೆಯಲ್ಲೇ ಫಾಂಡ್ಯೂ ಊಟ

ಮೆಚ್ಚಿದವರನ್ನು ಮನೆಗೆ ಊಟಕ್ಕೆ ಕರೆಯುವುದರಲ್ಲಿ ಒಂದು ತೊಡಕಿದೆ. ಕರೆದವರು ಒಲೆಯ ಮುಂದೆ ನಿಂತಿರುತ್ತಾರೆ, ಬಂದವರು ಹೊರಗಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ದೋಸೆಯಂತೂ ಇಬ್ಬರನ್ನು ಒಟ್ಟಿಗೆ ಕೂರಲು ಬಿಡುವುದೇ ಇಲ್ಲ. ಒಬ್ಬರು ಹುಯ್ಯುತ್ತಿರಬೇಕು, ಇನ್ನೊಬ್ಬರು ತಿನ್ನುತ್ತಿರಬೇಕು. ಫಾಂಡ್ಯೂವಿನ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮೇಜಿನ ನಡುವೆ ಸಣ್ಣ ಉರಿ, ಅದರ ಮೇಲೆ ಕರಗಿದ ಚೀಸ್ ತುಂಬಿದ ಪಾತ್ರೆ, ಉದ್ದನೆಯ ಫೋರ್ಕಿಗೆ ಬ್ರೆಡ್ ತುಂಡು ಚುಚ್ಚಿ ಅದ್ದಿ ತಿನ್ನುವುದು: ಊಟವೆಂದರೆ ಇಷ್ಟೇ. ಅದ್ದುವಾಗಲೆಲ್ಲ ತಳದಿಂದ ಒಮ್ಮೆ ತಿರುವದಿದ್ದರೆ ಚೀಸ್ ತಳ ಹಿಡಿಯುತ್ತದೆ. ಹಾಗಾಗಿ ಇಬ್ಬರೂ ಪಾತ್ರೆಯ ಹತ್ತಿರವೇ ಇರಬೇಕು, ಗಬಗಬನೆ ತಿಂದು ಏಳುವಂತೆಯೂ ಇಲ್ಲ.

ಇದು ಸ್ವಿಟ್ಜರ್ಲೆಂಡಿನ ತಿನಿಸು. ಚೀಸನ್ನು ವೈನಿನಲ್ಲಿ ಕರಗಿಸುವ ವಿಧಾನ 1699ರ ಜ್ಯೂರಿಕ್‌ನ ಒಂದು ಕೈಬರಹದ ಅಡುಗೆ ಪುಸ್ತಕದಲ್ಲಿ ಇದೆ. ಆದರೆ ಅದು ಇಡೀ ದೇಶದ ಹೆಮ್ಮೆಯ ಊಟವಾದದ್ದು ತೀರಾ ಈಚೆಗೆ, ಅದೂ ವ್ಯಾಪಾರದ ಕಾರಣಕ್ಕೆ. 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಒಕ್ಕೂಟವು 1930ರ ದಶಕದಲ್ಲಿ ತನ್ನ ಚೀಸ್ ಖರ್ಚಾಗಲೆಂದು ಫಾಂಡ್ಯೂವನ್ನು ರಾಷ್ಟ್ರೀಯ ಭಕ್ಷ್ಯವೆಂದು ಸಾರಿತು. ಒಕ್ಕೂಟ 1999ರಲ್ಲಿ ಮುಚ್ಚಿತು, ಪ್ರಚಾರ ಮಾತ್ರ ಗೆದ್ದಿತು. ಹಳ್ಳಿಗಾಡಿನ ಪುರಾತನ ಪ್ರೇಮಭೋಜನ ಎಂಬ ಕಥೆಯನ್ನು ಯಾರಾದರೂ ಹೇಳಿದರೆ ಅರ್ಧದಷ್ಟು ನಂಬಿದರೆ ಸಾಕು.

ಕೇಳಬೇಕಾದ್ದನ್ನು ಮೊದಲೇ ಕೇಳಿ

ಮೇಣದಬತ್ತಿ, ಹೂವು, ಹಾಡುಗಳ ಪಟ್ಟಿ ಇವೆಲ್ಲ ಆಮೇಲಿನ ಮಾತು. ಬರುವವರು ಸಸ್ಯಾಹಾರಿಗಳೇ, ಮದ್ಯ ಸೇವಿಸುತ್ತಾರೆಯೇ, ಹಾಲಿನ ಪದಾರ್ಥ ಒಗ್ಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಎರಡು ದಿನ ಮುಂಚೆ ಕೇಳಿಬಿಡಿ.

ಸಸ್ಯಾಹಾರದ ಪ್ರಶ್ನೆ ಚೀಸ್ ವಿಷಯದಲ್ಲಿ ಯಾಕೆ ಬಂತು ಎನ್ನಬೇಡಿ. ಫಾಂಡ್ಯೂವಿಗೆ ಬಳಸುವ ಸಾಂಪ್ರದಾಯಿಕ ಸ್ವಿಸ್ ಚೀಸಾದ ಗ್ರೂಯೇರ್‌ಗೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಜಠರದಿಂದ ಬಂದದ್ದು. ಇದು ಗೊತ್ತಾದ ಮೇಲೆ ನಮ್ಮಲ್ಲಿ ಅನೇಕರು ಮುಟ್ಟುವುದಿಲ್ಲ. ಊಟದ ನಡುವೆ ಗೊತ್ತಾಗುವುದಂತೂ ಬೇಡವೇ ಬೇಡ. ಪೊಟ್ಟಣದ ಮೇಲೆ ಮೈಕ್ರೋಬಿಯಲ್ ರೆನೆಟ್ (ಸೂಕ್ಷ್ಮಜೀವಿಗಳಿಂದ ಪಡೆದದ್ದು) ಎಂದು ಬರೆದಿರುವ ಚೀಸ್ ಕೊಂಡರೆ ಈ ಚಿಂತೆ ಇಲ್ಲ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಒಗ್ಗದವರಿಗೆ ತಿಂಗಳುಗಟ್ಟಲೆ ಮಾಗಿದ ಚೀಸ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಮಾಗುವಷ್ಟರಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ. ಹಾಲಿನ ಅಲರ್ಜಿ ಇರುವವರ ಮಾತು ಬೇರೆ, ಅವರಿಗೆ ಬೇರೆ ಅಡುಗೆಯನ್ನೇ ಯೋಚಿಸಬೇಕು.

ಮದ್ಯದ ಬಗ್ಗೆಯೂ ಮುಚ್ಚುಮರೆ ಬೇಡ. ಫಾಂಡ್ಯೂವನ್ನು ಕುದಿಸುವುದಿಲ್ಲ, ಆದ್ದರಿಂದ ಹಾಕಿದ ವೈನಿನ ಮದ್ಯಸಾರ ಪೂರ್ತಿ ಆವಿಯಾಗುವುದಿಲ್ಲ. ಬೇಡವೆಂದರೆ ವೈನ್ ಬಿಟ್ಟೇ ಮಾಡಬಹುದು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಸ್ವಿಟ್ಜರ್ಲೆಂಡಿನ ಫ್ರಿಬೂರ್ ಪ್ರಾಂತದಲ್ಲೇ ವಾಶ್‌ರಾನ್ ಎಂಬ ಮೆದು ಚೀಸನ್ನು ಬರೀ ನೀರಿನಲ್ಲಿ ಕರಗಿಸಿ ಫಾಂಡ್ಯೂ ಮಾಡುತ್ತಾರೆ.

ಚೀಸ್ ಯಾವುದು, ಎಷ್ಟು

ಫ್ರಿಬೂರ್‌ನವರ ಹೆಸರಾಂತ ಪಾಕ ಅರ್ಧ ಗ್ರೂಯೇರ್, ಅರ್ಧ ವಾಶ್‌ರಾನ್. ಅದೇ ದೇಶದ ನ್ಯೂಶಾಟೆಲ್ ಪ್ರಾಂತದವರದು ಗ್ರೂಯೇರ್ ಮತ್ತು ಎಮೆಂಟಲ್ ಎಂಬ ಚೀಸ್. ಎರಡರ ಲೆಕ್ಕಾಚಾರವೂ ಒಂದೇ: ಒಂದು ಚೀಸ್ ರುಚಿಗೆ, ಇನ್ನೊಂದು ನುಣುಪಿಗೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಆಮದಾದ ಗ್ರೂಯೇರ್ ಸಿಕ್ಕರೂ ಬೆಲೆ ದುಬಾರಿ. ಭಾರತದಲ್ಲೇ ತಯಾರಾಗುವ ಎಮೆಂಟಲ್ ಮತ್ತು ಗೌಡಾ ಸಮಸಮ ಬೆರೆಸಿದರೆ ಒಳ್ಳೆಯ ಫಾಂಡ್ಯೂ ಆಗುತ್ತದೆ. ಪಿಜ್ಜಾದ ಮೊಜರೆಲ್ಲಾ ಬೇಡ. ಅದು ಮಾಗದ ಚೀಸ್, ದಾರದಂತೆ ಎಳೆದುಕೊಂಡು ಗಲ್ಲದ ಮೇಲೆ ತೂಗುತ್ತದೆ. ಮೊದಲ ಬಾರಿ ಎದುರು ಬದುರು ಕೂತವರಿಗೆ ಆ ಪಾಡು ಯಾಕೆ?

ಸ್ವಿಸ್ಸರು ತಲೆಗೆ 200 ಗ್ರಾಂ ಚೀಸ್ ಎಂದು ಲೆಕ್ಕ ಹಾಕುತ್ತಾರೆ. ಅಭ್ಯಾಸವಿಲ್ಲದವರಿಗೆ ಅದು ಹೆಚ್ಚು. ಇಬ್ಬರಿಗೆ 300 ಗ್ರಾಂ ಸಾಕು. ಅದಕ್ಕೆ ಹುಳಿಯಾದ, ಸಿಹಿಯಿಲ್ಲದ ಬಿಳಿ ವೈನ್ 130 ಮಿಲಿಲೀಟರ್ (ನಂದಿ ಬೆಟ್ಟದ ಸುತ್ತಲಿನ ದ್ರಾಕ್ಷಿಯ ಸೋವಿನ್ಯೋ ಬ್ಲಾಂಕ್ ಚೆನ್ನಾಗಿ ಹೊಂದುತ್ತದೆ), ಕಾರ್ನ್ ಫ್ಲೋರ್ ಒಂದೂವರೆ ದೊಡ್ಡ ಚಮಚ, ನಿಂಬೆರಸ ಒಂದು ಚಿಕ್ಕ ಚಮಚ, ಬೆಳ್ಳುಳ್ಳಿಯ ಒಂದು ಎಸಳು, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಚೆರ್ರಿ ಹಣ್ಣಿನಿಂದ ಭಟ್ಟಿ ಇಳಿಸಿದ ಕಿರ್ಶ್ ಸಿಕ್ಕರೆ ಒಂದು ದೊಡ್ಡ ಚಮಚ, ಸಿಗದಿದ್ದರೆ ಚಿಂತೆಯಿಲ್ಲ. ಉಪ್ಪು ಹಾಕಲೇಬೇಡಿ, ಚೀಸಿನಲ್ಲಿರುವುದೇ ಸಾಕಾಗುತ್ತದೆ. ವೈನ್ ಬೇಡವಾದರೆ ಅಷ್ಟೇ ಪ್ರಮಾಣದ ತರಕಾರಿ ಬೇಯಿಸಿದ ತಿಳಿನೀರು ಹಾಕಿ, ನಿಂಬೆರಸವನ್ನು ಎರಡು ಚಮಚಕ್ಕೆ ಏರಿಸಿ. ಕಾರ್ನ್ ಫ್ಲೋರ್ ಎಂದರೆ ಬೆಳ್ಳಗಿನ ನುಣ್ಣನೆಯ ಮೆಕ್ಕೆಜೋಳದ ಪಿಷ್ಟ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟಲ್ಲ, ರೊಟ್ಟಿಯ ಜೋಳದ ಹಿಟ್ಟೂ ಅಲ್ಲ.

ಈ ಹುಳಿ ಮತ್ತು ಪಿಷ್ಟದ ವಿಷಯದಲ್ಲಿ ಜಿಪುಣತನ ಬೇಡ. ಚೀಸಿನೊಳಗೆ ಕೇಸೀನ್ ಎಂಬ ಪ್ರೋಟೀನನ್ನು ಕ್ಯಾಲ್ಸಿಯಂ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಸುಮ್ಮನೆ ಕಾಯಿಸಿದರೆ ಪ್ರೋಟೀನ್ ಒಂದೆಡೆ ಗಂಟಾಗಿ, ಜಿಡ್ಡು ಇನ್ನೊಂದೆಡೆ ತೇಲುತ್ತದೆ. ವೈನಿನ ಮತ್ತು ನಿಂಬೆಯ ಆಮ್ಲಗಳು ಆ ಕ್ಯಾಲ್ಸಿಯಮ್ಮಿನ ಹಿಡಿತ ಸಡಿಲಿಸುತ್ತವೆ, ಪಿಷ್ಟವು ಪ್ರೋಟೀನಿನ ಎಳೆಗಳು ಮತ್ತೆ ಅಂಟಿಕೊಳ್ಳದಂತೆ ನಡುವೆ ನಿಲ್ಲುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಫಾಂಡ್ಯೂವಿನ ಹರಿಯುವ ಗುಣವನ್ನೇ ಅಳೆದು, ಒಡೆಯದೆ ನಿಲ್ಲಲು ಸುಮಾರು ಶೇ 3ರಷ್ಟು ಪಿಷ್ಟ ಬೇಕು ಎಂದು ಕಂಡುಕೊಂಡರು. ಮೇಲಿನ ಒಂದೂವರೆ ಚಮಚ ಆ ಲೆಕ್ಕಕ್ಕೆ ಹತ್ತಿರದ್ದು.

ಇನ್ನೊಂದು ಭದ್ರತೆಯೂ ನಮ್ಮ ಫ್ರಿಜ್ಜಿನಲ್ಲೇ ಇದೆ. ಮಕ್ಕಳ ಡಬ್ಬಿಗೆ ಹಾಕುವ ಸಂಸ್ಕರಿಸಿದ ಚೀಸ್ ಕ್ಯೂಬ್ ಮೂಲತಃ ಸ್ವಿಟ್ಜರ್ಲೆಂಡಿನದೇ. 1911ರಲ್ಲಿ ಥೂನ್ ಊರಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಎಮೆಂಟಲ್‌ಗೆ ಸೋಡಿಯಂ ಸಿಟ್ರೇಟ್ ಬೆರೆಸಿ, ಕಾಯಿಸಿದರೂ ಒಡೆಯದ ಚೀಸ್ ತಯಾರಿಸಿದರು. ಆ ಬಗೆಯ ಲವಣ ಇಂದಿನ ಕ್ಯೂಬಿನಲ್ಲೂ ಇರುವುದರಿಂದ ಒಂದೇ ಒಂದು ಕ್ಯೂಬ್ ತುರಿದು ಸೇರಿಸಿದರೆ ಇಡೀ ಪಾತ್ರೆ ನುಣುಪಾಗಿ ನಿಲ್ಲುತ್ತದೆ. ಶುದ್ಧಾಚಾರದವರು ಮೂಗು ಮುರಿಯಬಹುದು, ಮುರಿಯಲಿ. ಇಡೀ ಫಾಂಡ್ಯೂವನ್ನು ಕ್ಯೂಬಿನಲ್ಲೇ ಮಾಡಿದರೆ ಮಾತ್ರ ಉಪ್ಪುಪ್ಪಾದ, ಚೀಸಿನ ಸ್ವಾದವಿಲ್ಲದ ಗೊಜ್ಜು.

ಪಾತ್ರೆ ಮತ್ತು ಉರಿ

ಫಾಂಡ್ಯೂ ಸೆಟ್ ಕೊಳ್ಳುವುದಾದರೆ ದಪ್ಪ ತಳದ ಪಿಂಗಾಣಿ ಪಾತ್ರೆ ಇರುವುದನ್ನೇ ನೋಡಿ. ಕೆಳಗೆ ಪುಟ್ಟ ಮೇಣದಬತ್ತಿ ಇಡುವ ಚಿಕ್ಕ ಸೆಟ್ಟುಗಳು ಚಾಕೊಲೇಟಿಗೆ. ಆ ಕಾವು ಚೀಸಿಗೆ ಸಾಲದು. ಸೆಟ್ ಇಲ್ಲದಿದ್ದರೆ ಎನಾಮಲ್ ಲೇಪದ ದಪ್ಪ ಪಾತ್ರೆಯನ್ನು ಮೇಜಿನ ಮೇಲಿಟ್ಟ ಇಂಡಕ್ಷನ್ ಒಲೆಯ ಅತಿ ಸಣ್ಣ ಕಾವಿನಲ್ಲಿ ಇಡಬಹುದು. ನೋಟ ಅಷ್ಟು ಚಂದವಿಲ್ಲ, ಕೆಲಸ ಮಾತ್ರ ಚೆನ್ನಾಗಿ ಆಗುತ್ತದೆ. ಲೇಪವಿಲ್ಲದ ಕಬ್ಬಿಣದ ಬಾಣಲೆ ಬೇಡ, ಹುಳಿ ತಗಲಿ ಲೋಹದ ರುಚಿ ಬರುತ್ತದೆ.

ಪಾತ್ರೆಯ ಕೆಳಗೆ ಮದ್ಯಸಾರ ಉರಿಸುವ ಸ್ಪಿರಿಟ್ ಬರ್ನರ್ ಬಳಸುವವರು ಇದನ್ನು ಎರಡು ಸಲ ಓದಿ: ಉರಿಯುತ್ತಿರುವ ಅಥವಾ ಬಿಸಿಯಿರುವ ಬರ್ನರಿಗೆ ಎಂದಿಗೂ ಸ್ಪಿರಿಟ್ ಸುರಿಯಬಾರದು. ಅದರ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಆರಿದೆ ಎಂದುಕೊಂಡು ಸುರಿದವರೇ ಸುಟ್ಟುಕೊಳ್ಳುವುದು. ಆರಿಸಿ, ತಣ್ಣಗಾಗಲು ಬಿಟ್ಟು, ಆಮೇಲೆ ತುಂಬಿ. ಜೆಲ್ ಇಂಧನದ ಡಬ್ಬಿ ಸಿಕ್ಕರೆ ಅದು ಇನ್ನೂ ವಾಸಿ. ತಲೆಯ ಮೇಲಿನ ಫ್ಯಾನ್ ನಿಲ್ಲಿಸಿ, ಒಂದು ಕಿಟಕಿ ಅರೆ ತೆರೆದಿಡಿ, ಸೆರಗು ದುಪಟ್ಟಾಗಳನ್ನು ಹಿಂದಕ್ಕೆ ಸರಿಸಿಕೊಳ್ಳಿ. ಫ್ಯಾನಿಲ್ಲದೆ ಕೂರಬೇಕಾದ್ದರಿಂದ ಏಪ್ರಿಲ್‌ನಲ್ಲಿ ಈ ಸಾಹಸಕ್ಕೆ ಇಳಿಯಬೇಡಿ. ಸ್ವಿಸ್ಸರಿಗೂ ಇದು ಚಳಿಗಾಲದ ಊಟ. ಬೆಂಗಳೂರಿಗೆ ಡಿಸೆಂಬರ್, ಮಲೆನಾಡಿಗೆ ಮಳೆಗಾಲ ಸರಿ.

ಎಂಟು ಗಂಟೆಯ ಊಟಕ್ಕೆ

ಬ್ರೆಡ್ಡನ್ನು ಹಿಂದಿನ ದಿನವೇ ಕೊಂಡಿಡಿ. ಬ್ಯಾಗೆಟ್ ಅಥವಾ ಸವರ್‌ಡೋ ಥರದ ಗಟ್ಟಿ ಹೊರಪದರದ್ದು ಬೇಕು. ಸ್ಯಾಂಡ್‌ವಿಚ್ ಬ್ರೆಡ್ ಪಾತ್ರೆಯೊಳಗೇ ಕರಗಿಹೋಗುತ್ತದೆ, ಬೇಕರಿಯ ಸಿಹಿ ಬನ್ ರುಚಿ ಕೆಡಿಸುತ್ತದೆ. ಸಂಜೆ ಅದನ್ನು ಒಂದು ತುತ್ತಿನ ಗಾತ್ರಕ್ಕೆ ಕತ್ತರಿಸುವಾಗ ಪ್ರತಿ ತುಂಡಿಗೂ ಸ್ವಲ್ಪ ಹೊರಪದರ ಇರುವಂತೆ ನೋಡಿಕೊಳ್ಳಿ. ಆರೂವರೆಗೆ ಚೀಸನ್ನು ಫ್ರಿಜ್ಜಿನಿಂದ ತೆಗೆದು ತುರಿದು ಹೊರಗಿಡಿ. ಏಳಕ್ಕೆ ಪುಟ್ಟ ಆಲೂಗಡ್ಡೆಗಳನ್ನು ಸಿಪ್ಪೆ ಸಹಿತ ಬೇಯಿಸಿ, ಹೂಕೋಸಿನ ಎಸಳುಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ. ಜೊತೆಗೆ ವಿನಿಗರಿನಲ್ಲಿ ನೆನೆದ ಪುಟ್ಟ ಸೌತೆಕಾಯಿ, ಈರುಳ್ಳಿ ಇರಲಿ. ಜಿಡ್ಡಿನ ನಡುವೆ ಆ ಹುಳಿ ಬಾಯನ್ನು ತೊಳೆಯುತ್ತದೆ. ಮಿಡಿ ಉಪ್ಪಿನಕಾಯಿಯ ಆಸೆ ಬಂದೀತು, ತಡೆದುಕೊಳ್ಳಿ. ಸಾಸಿವೆ ಖಾರದ ಮುಂದೆ ಚೀಸಿನ ರುಚಿ ತಲೆ ಎತ್ತುವುದಿಲ್ಲ.

ಇಷ್ಟಾದರೆ ನಿಮ್ಮ ಪೂರ್ವಸಿದ್ಧತೆ ಮುಗಿಯಿತು. ಚೀಸ್ ಕರಗಿಸುವ ಕೆಲಸವನ್ನು ಅವರು ಬರುವ ಮೊದಲೇ ಮುಗಿಸಬೇಡಿ. ಅದು ಹದಿನೈದು ನಿಮಿಷದ ಕೆಲಸ, ನಾಲ್ಕು ಕೈಗಳಿದ್ದರೆ ಸಲೀಸು.

ಬೆಳ್ಳುಳ್ಳಿ ಎಸಳನ್ನು ಅರ್ಧ ಮಾಡಿ ಪಾತ್ರೆಯ ಒಳಮೈಗೆಲ್ಲ ಉಜ್ಜಿ. ಅಡುಗೆಮನೆಯ ಒಲೆಯ ಮೇಲೆ ವೈನ್ ಮತ್ತು ನಿಂಬೆರಸ ಕಾಯಿಸಿ, ಹಬೆ ಏಳತೊಡಗಿದಾಗ ಉರಿ ತಗ್ಗಿಸಿ. ಚೀಸ್ ತುರಿಗೆ ಕಾರ್ನ್ ಫ್ಲೋರ್ ಉದುರಿಸಿ ಕಲಸಿಟ್ಟಿರಿ. ಈಗ ಒಬ್ಬರು ಹಿಡಿಹಿಡಿಯಾಗಿ ಹಾಕುತ್ತಾ ಹೋಗಲಿ, ಇನ್ನೊಬ್ಬರು ಮರದ ಸೌಟಿನಲ್ಲಿ ತಿರುವಲಿ. ಒಂದು ಹಿಡಿ ಪೂರ್ತಿ ಕರಗಿದ ಮೇಲೆಯೇ ಮುಂದಿನದು. ಸೌಟು ಇಂಗ್ಲಿಷಿನ 8ರ ಆಕಾರದಲ್ಲಿ ಓಡಾಡಬೇಕು. ಸುತ್ತಲೂ ಒಂದೇ ದಿಕ್ಕಿಗೆ ತಿರುವಿದರೆ ಚೀಸ್ ನಡುವೆ ಉಂಡೆಗಟ್ಟುತ್ತದೆ. ಕುದಿ ಬರಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ನುಣುಪಾದ ಮೇಲೆ ಕಿರ್ಶ್, ಕಾಳುಮೆಣಸು, ಜಾಯಿಕಾಯಿ ಸೇರಿಸಿ ಮೇಜಿನ ಬರ್ನರಿಗೆ ವರ್ಗಾಯಿಸಿ.

ಜಿಡ್ಡು ಬೇರೆಯಾದರೆ ಗಾಬರಿಯಾಗಬೇಡಿ. ಒಂದು ಚಿಕ್ಕ ಚಮಚ ಕಾರ್ನ್ ಫ್ಲೋರನ್ನು ನಿಂಬೆರಸದಲ್ಲಿ ಕದಡಿ ಹಾಕಿ, ಒಲೆಯ ಮೇಲೆಯೇ ಜೋರಾಗಿ ತಿರುವಿದರೆ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಗಟ್ಟಿಯಾದರೆ ಬೆಚ್ಚಗಿನ ವೈನ್ ಅಥವಾ ತಿಳಿನೀರು, ತೆಳುವಾದರೆ ಇನ್ನಷ್ಟು ಚೀಸ್.

ಮೇಜಿನ ಮುಂದೆ

ಎದುರು ಬದುರಿಗಿಂತ ಮೇಜಿನ ಮೂಲೆಯ ಎರಡು ಬದಿಗೆ ಕೂರುವುದು ಒಳ್ಳೆಯದು. ಪಾತ್ರೆ ಇಬ್ಬರಿಗೂ ಎಟುಕುತ್ತದೆ, ಉರಿಯ ಮೇಲಿಂದ ಕೈ ಚಾಚಬೇಕಾಗುವುದಿಲ್ಲ. ಬ್ರೆಡ್ಡನ್ನು ಮೆದು ಭಾಗದಿಂದ ಚುಚ್ಚಿ, ಫೋರ್ಕಿನ ಮೊನೆ ಹೊರಪದರಕ್ಕೆ ಕಚ್ಚುವಂತೆ ನೋಡಿ. ಉದ್ದ ಫೋರ್ಕನ್ನು ನೇರ ಬಾಯಿಗೆ ಇಡಬೇಡಿ. ಅದು ಕಾದಿರುತ್ತದೆ, ಮತ್ತೆ ಅದೇ ಪಾತ್ರೆಗೆ ಹೋಗಬೇಕಾದ ಫೋರ್ಕೂ ಹೌದು. ತಟ್ಟೆಗೆ ಇಳಿಸಿ, ಬೇರೆ ಫೋರ್ಕಿನಲ್ಲಿ ತಿನ್ನುವುದು ಕ್ರಮ.

ಬ್ರೆಡ್ ಪಾತ್ರೆಯೊಳಗೆ ಕಳೆದುಕೊಂಡವರಿಗೆ ದಂಡ ಹಾಕುವ ರೂಢಿ ಸ್ವಿಟ್ಜರ್ಲೆಂಡಿನಲ್ಲಿದೆ: ಪಕ್ಕದವರಿಗೆ ಮುತ್ತು ಕೊಡುವುದು, ಇಲ್ಲವೇ ಒಂದು ಸುತ್ತು ವೈನ್ ಕೊಡಿಸುವುದು. ಹೊಸ ಪರಿಚಯವಾಗಿದ್ದರೆ ಮುತ್ತಿನ ನಿಯಮವನ್ನು ನೀವಾಗಿ ಎತ್ತಬೇಡಿ, ಅದು ಆಟವಾಗದೆ ಒತ್ತಾಯವಾಗುತ್ತದೆ. ಪಾತ್ರೆ ತೊಳೆಯುವ ದಂಡ ಇಟ್ಟುಕೊಂಡರೆ ನಗುವಿಗೂ ಕೊರತೆಯಿಲ್ಲ.

ಕುಡಿಯಲು ಬಿಳಿ ವೈನ್ ಅಥವಾ ಹಾಲಿಲ್ಲದ ಬಿಸಿ ಚಹಾ. ಜ್ಯೂರಿಕ್‌ನ ವೈದ್ಯರು 20 ಮಂದಿಗೆ ಫಾಂಡ್ಯೂ ತಿನ್ನಿಸಿ ಪರೀಕ್ಷಿಸಿ, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪ್ರಕಾರ, ಚಹಾ ಕುಡಿದವರಿಗಿಂತ ವೈನ್ ಕುಡಿದವರ ಹೊಟ್ಟೆ ನಿಧಾನವಾಗಿ ಖಾಲಿಯಾಯಿತು. ಊಟದ ನಂತರ ಒಂದು ಸುತ್ತು ನಡೆಯುವ ಯೋಚನೆ ಇದ್ದರೆ ಚಹಾವೇ ಮೇಲು.

ಪಾತ್ರೆಯ ತಳದಲ್ಲಿ ಕೊನೆಗೆ ಹೊಂಬಣ್ಣದ ಗರಿಗರಿ ಪದರ ಉಳಿಯುತ್ತದೆ. ಫ್ರೆಂಚ್ ಮಾತನಾಡುವ ಸ್ವಿಸ್ಸರು ಅದನ್ನು ರೆಲಿಜಿಯೂಸ್ ಎನ್ನುತ್ತಾರೆ, ಊಟದಲ್ಲಿ ಇದಕ್ಕಿಂತ ರುಚಿಯಾದ ಭಾಗವಿಲ್ಲ. ಉರಿ ಆರಿಸಿ, ಮರದ ಸೌಟಿನಿಂದ ಮೆಲ್ಲನೆ ಎಬ್ಬಿಸಿ ಸಮನಾಗಿ ಹಂಚಿಕೊಳ್ಳಿ.

ಇದಾದ ಮೇಲೆ ಚಾಕೊಲೇಟ್ ಫಾಂಡ್ಯೂ ಎಂಬ ಆಮಿಷಕ್ಕೆ ಮಾತ್ರ ಬೀಳಬೇಡಿ. 1960ರ ದಶಕದ ನ್ಯೂಯಾರ್ಕಿನ ಒಂದು ಸ್ವಿಸ್ ಹೋಟೆಲಿನಿಂದ ಹಬ್ಬಿದ ಸಿಹಿ ಅದು. ಚೆನ್ನಾಗಿಯೇ ಇರುತ್ತದೆ, ಆದರೆ ಇಷ್ಟೊಂದು ಚೀಸಿನ ಬೆನ್ನಿಗೆ ಕೆನೆ, ಚಾಕೊಲೇಟು ಹೊಟ್ಟೆಗೆ ಹೊರೆ. ಒಂದೆರಡು ಹೋಳು ಮರಸೇಬು ಅಥವಾ ಅನಾನಸ್ ಸಾಕು. ಚಾಕೊಲೇಟಿನದೇ ಬೇಕೆಂದರೆ ಬೇರೊಂದು ಸಂಜೆ ಮಾಡಿ: 100 ಮಿಲಿಲೀಟರ್ ಕ್ರೀಮ್ ಬಿಸಿ ಮಾಡಿ ಇಳಿಸಿ, 150 ಗ್ರಾಂ ಕಪ್ಪು ಚಾಕೊಲೇಟ್ ಚೂರು ಹಾಕಿ ಕದಡಿದರಾಯಿತು. ಅದ್ದುವ ಹಣ್ಣುಗಳನ್ನು ಬಟ್ಟೆಯಿಂದ ಒರೆಸಿಡಿ.

ಉಳಿದ ಚೀಸನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ಫ್ರಿಜ್ಜಿನಲ್ಲಿಟ್ಟು ಮರುದಿನ ಟೋಸ್ಟಿನ ಮೇಲೆ ಹರಡಿ ಕಾಯಿಸಿದರೆ ಒಳ್ಳೆಯ ತಿಂಡಿ. ಪಿಂಗಾಣಿ ಪಾತ್ರೆ ಪೂರ್ತಿ ಆರಿದ ಮೇಲೆಯೇ ನೀರು ತುಂಬಿ, ಇಲ್ಲವಾದರೆ ಸೀಳುತ್ತದೆ. ನೀರು ತಣ್ಣಗಿರಲಿ, ಬಿಸಿನೀರಿಗೆ ಚೀಸ್ ಇನ್ನಷ್ಟು ಅಂಟಾಗಿ ಉಜ್ಜುವ ನಾರನ್ನೂ ಹಾಳು ಮಾಡುತ್ತದೆ. ರಾತ್ರಿಯಿಡೀ ನೆನೆಯಲು ಬಿಟ್ಟು ಬೆಳಗ್ಗೆ ತೊಳೆಯಿರಿ.