ಹಳೇ ಸ್ಟೇಡಿಯಂ ಬಿಡಬೇಕಾ ಬೇಡ್ವಾ? ಜಗಳಕ್ಕೆ ಇಳಿಯೋ ಮುಂಚೆ ಲೆಕ್ಕ ಹಾಕೋದು ಹೆಂಗೆ

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್ ವಿಷ್ಯ ಬಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪ್ ಎರಡು ಹೋಳು. 2025ರ ಮಾರ್ಚಲ್ಲಿ ಕ್ಲಬ್ಬಿನವರು ಪಕ್ಕದಲ್ಲೇ 1 ಲಕ್ಷ ಸೀಟಿಂದು ಹೊಸದು ಕಟ್ತೀವಿ, 2 ಬಿಲಿಯನ್ ಪೌಂಡ್ ಆಗುತ್ತೆ ಅಂದಾಗಿಂದ ಒಂದು ಗುಂಪು "1910ರ ಜಾಗ ಕಣ್ರೋ, ಬಿಡೋದಾ?" ಅನ್ನುತ್ತೆ, ಇನ್ನೊಂದು ಗುಂಪು ಚಾವಣಿಯಿಂದ ನೀರು ಸುರಿಯೋ ವಿಡಿಯೋ ಹಾಕಿ ಬಾಯಿ ಮುಚ್ಚಿಸುತ್ತೆ (2024ರ ಮೇ, ಆರ್ಸೆನಲ್ ಜೊತೆ ಮ್ಯಾಚ್, ಮಳೆಗಾಲದ ಜೋಗ ನೋಡ್ದಂಗಿತ್ತು). ರಾತ್ರಿ ಒಂದೂವರೆ ಗಂಟೆವರೆಗೂ ಇದೇ. ಎರಡೂ ಕಡೆಯವರು ಅಸಲಿ ಪ್ರಶ್ನೆನ ಮುಟ್ಟೋದೇ ಇಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಯಾವ ಕ್ಲಬ್ ಆದ್ರೂ ಸರಿ, ನಾನು ನೋಡೋ ಕ್ರಮ ಇದು.

ಮೊದಲು ಕೇಳಿ: ಹೊಸ ಮನೆ ಸ್ವಂತದ್ದಾ, ಬಾಡಿಗೆದಾ?

ಮಿಕ್ಕಿದ್ದೆಲ್ಲ ಆಮೇಲೆ. ಬೆಂಗಳೂರಲ್ಲಿ ಬಾಡಿಗೆ ಮನೇಲಿದ್ದೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ, ಗೋಡೆಗೊಂದು ಮೊಳೆ ಹೊಡೆಯಕ್ಕೂ ಓನರ್‌ನ ಕೇಳ್ಬೇಕು. ವೆಸ್ಟ್ ಹ್ಯಾಮ್ 1904ರಿಂದ ಇದ್ದ ಅಪ್ಟನ್ ಪಾರ್ಕ್ ಬಿಟ್ಟು 2016ರಲ್ಲಿ ಒಲಿಂಪಿಕ್ಸ್‌ಗೆ ಕಟ್ಟಿದ್ದ ಲಂಡನ್ ಸ್ಟೇಡಿಯಂಗೆ ಹೋಯ್ತು, 99 ವರ್ಷದ ಲೀಸು, ವರ್ಷಕ್ಕೆ ಸುಮಾರು 25 ಲಕ್ಷ ಪೌಂಡ್ ಬಾಡಿಗೆ. ಅಗ್ಗದ ಡೀಲ್ ಅಂತ ಎಲ್ಲಾರೂ ಹೊಟ್ಟೆ ಉರ್ಕೊಂಡ್ರು. ಆಮೇಲೆ ನೋಡಿದ್ರೆ ಪಿಚ್ ಸುತ್ತ ಇರೋ ರನ್ನಿಂಗ್ ಟ್ರ್ಯಾಕ್ ಮೇಲೆ ಕ್ಲಬ್ಬಿನ ಕಡುಗೆಂಪು ಬಣ್ಣದ ಹಾಸು ಹಾಕೋದಕ್ಕೂ ಸ್ಟೇಡಿಯಂ ಓನರ್ ಜೊತೆ ಜಗಳ ಆಡ್ಬೇಕಾಯ್ತು, ಅದು ಬಗೆಹರಿಯೋ ಹೊತ್ತಿಗೆ 2018 ಮುಗಿಯಕ್ಕೆ ಬಂದಿತ್ತು. ಮೊಳೆ ಕಥೆ ಅಂದ್ನಲ್ಲ, ಇದೇ.

ಆದ್ರೂ ವೆಸ್ಟ್ ಹ್ಯಾಮ್ ಪರವಾಗಿಲ್ಲ ಬಿಡಿ, ಕವೆಂಟ್ರಿ ಕಥೆ ಕೇಳಿ. 1899ರಿಂದ ಆಡ್ತಿದ್ದ ಹೈಫೀಲ್ಡ್ ರೋಡ್ ಮಾರಿ 2005ರಲ್ಲಿ ತಮ್ಮದಲ್ಲದ ಹೊಸ ಅರೇನಾಗೆ ಹೋದ್ರು. ಟೀಮ್ ಕೆಳಗಿನ ಡಿವಿಷನ್‌ಗೆ ಇಳಿದ ಮೇಲೂ ಬಾಡಿಗೆ ಮಾತ್ರ ಇಳೀಲಿಲ್ಲ, ಜಗಳ ಬೆಳೆದು 2013ರಲ್ಲಿ ನಾರ್ಥಾಂಪ್ಟನ್‌ಗೆ ಹೋಗಿ "ಹೋಮ್" ಮ್ಯಾಚ್ ಆಡಿದ್ರು, 2014ರಲ್ಲಿ ವಾಪಸ್ ಬಂದ್ರು, ಬಂದ ಸ್ವಲ್ಪ ದಿನಕ್ಕೇ ಒಂದು ರಗ್ಬಿ ಕ್ಲಬ್ ಆ ಅರೇನಾನ ಕೊಂಡ್ಕೊಳ್ತು, 2019ರಲ್ಲಿ ಮತ್ತೆ ಗಂಟುಮೂಟೆ ಕಟ್ಕೊಂಡು ಬರ್ಮಿಂಗ್‌ಹ್ಯಾಮ್‌ಗೆ. ಕ್ಲಬ್ ಮಾಲೀಕರೇ ಆ ಸ್ಟೇಡಿಯಂ ಕೊಂಡಿದ್ದು 2025ರಲ್ಲಿ. ಇಪ್ಪತ್ತು ವರ್ಷ ಅಲೆದಾಟ. ಹಳೇದನ್ನ ಬಿಟ್ಟಿದ್ದಕ್ಕೆ ಆಗಿದ್ದಲ್ಲ ಇದು, ಬಿಟ್ಟು ಬಾಡಿಗೆಗೆ ಹೋಗಿದ್ದಕ್ಕೆ ಆಗಿದ್ದು.

ಹಂಗಾಗಿ ಪ್ಲಾನ್ ಹೊರಗೆ ಬಿದ್ದ ದಿನ ಆ ಹೊಳೆಯೋ ಕಂಪ್ಯೂಟರ್ ಚಿತ್ರ ನೋಡಬೇಡಿ. ಜಾಗ ಯಾರ ಹೆಸರಲ್ಲಿ, ಕಟ್ಟಡ ಯಾರ ಹೆಸರಲ್ಲಿ, ಮ್ಯಾಚ್ ದಿನ ಬಿಯರು ಪೈ ಮಾರಿದ ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ, ಇದನ್ನ ಹುಡುಕಿ. ಇದು ಹೊಸ ಪಾಠ ಅಂತೇನಲ್ಲ. ಎವರ್ಟನ್ ಮೊದಲು ಆಡ್ತಿದ್ದಿದ್ದು ಆನ್‌ಫೀಲ್ಡಲ್ಲಿ! ಓನರ್ ಜೊತೆ ಬಾಡಿಗೆ ಜಗಳ ಆಗಿ 1892ರಲ್ಲಿ ಪಾರ್ಕಿನ ಆಚೆ ಕಡೆ ಗುಡಿಸನ್ ಕಟ್ಕೊಂಡ್ರು, ಖಾಲಿ ಬಿದ್ದ ಗ್ರೌಂಡಿಗೆ ಟೀಮ್ ಬೇಕಲ್ಲ ಅಂತ ಆ ಓನರ್ ಶುರು ಮಾಡಿದ್ದೇ ಲಿವರ್‌ಪೂಲ್. ಬಾಡಿಗೆ ಜಗಳದಲ್ಲಿ ಪಕ್ಕದ ಮನೆ ಶತ್ರು ಹುಟ್ಟೋದು ಅಂದ್ರೆ ಇದು.

ಎರಡನೇದು ದೂರ. ಊರಿಂದ ದೂರ ಅಲ್ಲ, ಸೀಟಿಂದ ಪಿಚ್ ಗೆರೆಗೆ ಎಷ್ಟು ದೂರ ಅಂತ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಿದ್ರೆ ಗೊತ್ತಿರುತ್ತೆ, ಗೋಲ್ ಹಿಂದಿನ ಸ್ಟ್ಯಾಂಡಲ್ಲಿ ಎಷ್ಟೇ ಕಿರುಚಿದ್ರೂ ಟ್ರ್ಯಾಕ್ ದಾಟೋಷ್ಟರಲ್ಲಿ ಅರ್ಧ ಸದ್ದು ಗಾಳಿಗೆ, ಆ ಕಡೆ ಗೋಲಲ್ಲಿ ಹೊಡೆದೋನು ಯಾರು ಅಂತ ಪಕ್ಕದೋನ್ನ ಕೇಳ್ಬೇಕು. ಅಥ್ಲೆಟಿಕ್ಸ್ ಟ್ರ್ಯಾಕ್ ಇರೋ ಜಾಗಕ್ಕೆ ಹೋಗ್ತೀವಿ ಅಂದ್ರೆ ನನ್ನ ವೋಟ್ ಬೇಡ. ಇದಕ್ಕೆ ಒಳ್ಳೇ ಸಾಕ್ಷಿ ಇಟಲಿಯ ಯುವೆಂಟಸ್ ಕ್ಲಬ್. 1990ರ ವಿಶ್ವಕಪ್‌ಗೆ ಅಂತ ಟ್ಯೂರಿನ್‌ನಲ್ಲಿ ಕಟ್ಟಿದ ಡೆಲ್ಲೆ ಆಲ್ಪಿ, ಹತ್ತಿರ ಹತ್ತಿರ 69 ಸಾವಿರ ಸೀಟು, ಸುತ್ತ ಟ್ರ್ಯಾಕು, ಯಾರಿಗೂ ಇಷ್ಟ ಆಗ್ಲಿಲ್ಲ, ಗೆಲ್ತಿದ್ದ ಟೀಮಿಗೂ ಸ್ಟೇಡಿಯಂ ಖಾಲಿ ಹೊಡೀತಿತ್ತು. ಕೊನೆಗೆ ಅದನ್ನ ಕೆಡವಿ ಅದೇ ಜಾಗದಲ್ಲಿ 2011ರಲ್ಲಿ ಸ್ವಂತದ್ದು ಕಟ್ಟಿದ್ರು, ಬರೀ 41 ಸಾವಿರ ಸೀಟು. ಅಷ್ಟು ದೊಡ್ಡ ಕ್ಲಬ್ಬು ಸೀಟು ಕಮ್ಮಿ ಮಾಡ್ಕೊಂಡು ಗೆದ್ದಿತು.

ಅಲ್ಲಿಂದ್ಲೇ ಮೂರನೇ ಪ್ರಶ್ನೆ, ಎಷ್ಟು ದೊಡ್ಡದು? ಈಗಿನ ಸ್ಟೇಡಿಯಂ ಪ್ರತಿ ವಾರ ತುಂಬ್ತಿದ್ಯಾ, ಸೀಸನ್ ಟಿಕೆಟ್‌ಗೆ ಕ್ಯೂ ಇದ್ಯಾ ನೋಡಿ. ಇಲ್ಲ ಅಂದ್ರೆ ಮಾತು ಮುಗೀತು. ಡಾರ್ಲಿಂಗ್ಟನ್ ಅಂತ ಇಂಗ್ಲೆಂಡಿನ ಸಣ್ಣ ಕ್ಲಬ್, 2003ರಲ್ಲಿ ಹಳೇ ಫೀಥಮ್ಸ್ ಬಿಟ್ಟು 25 ಸಾವಿರ ಸೀಟಿನ ಅರೇನಾಗೆ ಹೋಯ್ತು, ಬರ್ತಿದ್ದ ಜನ ಎರಡು ಮೂರು ಸಾವಿರ. ಕಲ್ಯಾಣ ಮಂಟಪ ಬುಕ್ ಮಾಡಿ ನಾಮಕರಣ ಮಾಡ್ದಂಗೆ. 2012ಕ್ಕೆ ಕ್ಲಬ್ ಮುಳುಗಿ ಆ ಅರೇನಾನೂ ಬಿಡ್ಬೇಕಾಯ್ತು.

ಸಾಲದ ವಿಷ್ಯ ಆರ್ಸೆನಲ್ ಫ್ಯಾನ್ಸ್‌ನ ಕೇಳಿ, ಕಣ್ಣೀರು ಹಾಕ್ಕೊಂಡು ಹೇಳ್ತಾರೆ. ಅವರ ಹಳೇ ಸ್ಟೇಡಿಯಂ ಹೈಬರಿಯಲ್ಲಿ 38 ಸಾವಿರ ಸೀಟು, ಇಕ್ಕಟ್ಟು ಬೀದಿ, ಸುತ್ತ ಮನೆ, ಬೆಳೆಯಕ್ಕೆ ಜಾಗ ಇಲ್ಲ. 2006ರಲ್ಲಿ ಕೂಗಳತೆಯಲ್ಲಿರೋ 60 ಸಾವಿರದ ಎಮಿರೇಟ್ಸ್‌ಗೆ ಹೋದ್ರು, ಕಟ್ಟೋಕೆ 390 ಮಿಲಿಯನ್ ಪೌಂಡ್. ಆಮೇಲೆ ಸ್ಟಾರ್ ಆಟಗಾರರು ಆನ್ರಿ, ಫಾಬ್ರೆಗಾಸ್, ವಾನ್ ಪರ್ಸಿ ಒಬ್ಬೊಬ್ರೇ ಕ್ಲಬ್ ಬಿಟ್ಟು ಹೋದ್ರು, 2005ರ ಎಫ್‌ಎ ಕಪ್ ಆದ್ಮೇಲೆ ಮುಂದಿನ ದೊಡ್ಡ ಕಪ್ಪು ಬಂದಿದ್ದು 2014ಕ್ಕೆ. ಎಲ್ಲಾ ಸ್ಟೇಡಿಯಂ ತಪ್ಪೇ ಅಂತ ನಾನು ಹೇಳಲ್ಲ, ಅದೇ ಹೊತ್ತಲ್ಲಿ ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ ಹತ್ರ ಶ್ರೀಮಂತ ಮಾಲೀಕರ ದುಡ್ಡು ಬಂತು. ಆದ್ರೆ ಮನೆ ಕಟ್ಟಿದ ವರ್ಷ ಮದುವೆನೂ ಜೋರಾಗಿ ಮಾಡ್ತೀನಿ ಅನ್ನೋಕಾಗಲ್ಲ. ಏಳೆಂಟು ವರ್ಷ ಗಂಜಿ ಕುಡಿಯಕ್ಕೆ ರೆಡಿ ಇದ್ದೀರಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ.

ಇನ್ನೊಂದು, ಕಟ್ಟೋವರೆಗೂ ಎಲ್ಲಿರ್ತೀರಾ? ಬ್ರೈಟನ್ ಆಡಳಿತದೋರು ಹೊಸ ಜಾಗ ಇಲ್ಲದೇನೇ ಗೋಲ್ಡ್‌ಸ್ಟೋನ್ ಗ್ರೌಂಡ್ ಮಾರ್ಬಿಟ್ರು, 1997ರಲ್ಲಿ ಬೀದಿಗೆ ಬಿದ್ದು ಎರಡು ಸೀಸನ್ ನೂರು ಕಿಲೋಮೀಟರ್‌ಗೂ ದೂರದ ಗಿಲಿಂಗ್‌ಹ್ಯಾಮಲ್ಲಿ ಹೋಮ್ ಮ್ಯಾಚು, ಬೆಂಗಳೂರು ಟೀಮ್ ಮಂಡ್ಯ ದಾಟಿ ಹೋಗಿ ಹೋಮ್ ಮ್ಯಾಚ್ ಆಡ್ದಂಗೆ. ಆಮೇಲೆ ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ 12 ವರ್ಷ. ಸ್ವಂತ ಸ್ಟೇಡಿಯಂ 2011ಕ್ಕೆ. ಹಳೇದು ಈಗ ಶಾಪಿಂಗ್ ಜಾಗ. ಹೊಸದಕ್ಕೆ ಅನುಮತಿ, ಜಾಗ, ದುಡ್ಡು ಮೂರೂ ಕೈಯಲ್ಲಿ ಇಲ್ಲದೆ ಹಳೇದನ್ನ ಮಾರೋ ಮಾತು ಬಂದ್ರೆ ಆವತ್ತೇ ಬ್ಯಾನರ್ ಹಿಡಿರಿ.

ಇಷ್ಟೆಲ್ಲ ಆದ್ಮೇಲೂ ಒಂದು ಸಲ ಕೇಳಿ: ಇಲ್ಲೇ ಇದ್ದು ಬೆಳೆಯಕ್ಕೆ ನಿಜವಾಗ್ಲೂ ಆಗಲ್ವಾ? ಲಿವರ್‌ಪೂಲ್ ಸ್ಟ್ಯಾನ್ಲಿ ಪಾರ್ಕಲ್ಲಿ ಹೊಸದು ಅಂತ ವರ್ಷಗಟ್ಟಲೆ ಹೇಳಿ ಕೊನೆಗೆ ಆನ್‌ಫೀಲ್ಡಲ್ಲೇ 2016ರಲ್ಲಿ ಒಂದು ಸ್ಟ್ಯಾಂಡ್ ಎತ್ತರಿಸ್ತು, ಆಮೇಲೆ ಇನ್ನೊಂದು, ಈಗ 61 ಸಾವಿರ. ಸ್ಪರ್ಸ್ (ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್) ಹಳೇದನ್ನ ಕೆಡವಿ ಅದೇ ಜಾಗದಲ್ಲಿ ಕಟ್ಟಿದ್ರು, ಮಧ್ಯೆ ವೆಂಬ್ಲಿಯಲ್ಲಿ ಇದ್ರು. ಗುಡಿಸನ್‌ಗೆ ಮಾತ್ರ ಈ ದಾರಿ ಇರ್ಲಿಲ್ಲ ಅನ್ಸುತ್ತೆ, ಮೂಲೇಲಿ ಸೇಂಟ್ ಲ್ಯೂಕ್ಸ್ ಚರ್ಚು ಸ್ಟ್ಯಾಂಡಿಗೆ ಅಂಟ್ಕೊಂಡಂಗೆ, ಇನ್ನೊಂದು ಕಡೆ ರಸ್ತೆ ಆಚೆ ಸಾಲು ಮನೆ, ಒಳಗೆ ಮರದ ಸೀಟು, ಕಣ್ಣಿಗೆ ಅಡ್ಡ ಕಂಬ.

ಫ್ಯಾನ್ಸ್ ಏನ್ ಮಾಡ್ಬಹುದು ಅಂದ್ರೆ ಚೆಲ್ಸಿಯವರ ಥರ ಜಾಗನೇ ಹಿಡ್ಕೊಳ್ಳಿ. 1993ರಲ್ಲಿ ಶುರುವಾದ ಚೆಲ್ಸಿ ಪಿಚ್ ಓನರ್ಸ್ ಅನ್ನೋ ಕಂಪನಿ, ಷೇರು ಫ್ಯಾನ್ಸ್ ಕೈಲಿ, ಸ್ಟ್ಯಾಮ್‌ಫರ್ಡ್ ಬ್ರಿಜ್ ಜಾಗನೂ "ಚೆಲ್ಸಿ ಫುಟ್ಬಾಲ್ ಕ್ಲಬ್" ಅನ್ನೋ ಹೆಸರೂ ಇವರ ಹತ್ರ. 2011ರಲ್ಲಿ ಕ್ಲಬ್ ಜಾಗನ ವಾಪಸ್ ಕೊಡಿ ಅಂತ ಕೇಳ್ದಾಗ ವೋಟ್ ಹಾಕಿದ್ರು, ಬೇಕಿದ್ದ 75 ಪರ್ಸೆಂಟ್ ಬರ್ಲಿಲ್ಲ, ಆಗಿನ ಮಾಲೀಕ ಅಬ್ರಮೊವಿಚ್ ದುಡ್ಡಿಗೂ ಬಗ್ಗಲಿಲ್ಲ.

ಈಗ ಓಲ್ಡ್ ಟ್ರಾಫರ್ಡ್‌ಗೆ ಹಾಕಿ ನೋಡಿ. ಪಕ್ಕದಲ್ಲೇ ಕಟ್ಟೋದು, ಹಂಗಾಗಿ ಊರು ಬಿಡಲ್ಲ, ಕಟ್ಟೋವರೆಗೂ ಹಳೇದ್ರಲ್ಲೇ ಆಡ್ಬಹುದು. ಸುಮಾರು 74 ಸಾವಿರ ಸೀಟು ತುಂಬುತ್ತೆ, ಜನದ ಚಿಂತೆ ಇಲ್ಲ. 1941ರಲ್ಲಿ ಬಾಂಬ್ ಬಿದ್ದ ಮೇಲೆ 1949ರವರೆಗೂ ಮೇನ್ ರೋಡ್ ಅನ್ನೋ ಸ್ಟೇಡಿಯಂನಲ್ಲಿ, ಅದೂ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಮನೇಲಿ ಆಡಿದ ಕ್ಲಬ್ಬು, ಜಾಗ ಬದಲಾದ್ರೆ ಸಾಯೋದಲ್ಲ. ಸಿಕ್ಕಾಕೊಳ್ಳೋದು ದುಡ್ಡಲ್ಲಿ, 2005ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ ಕೊಂಡಾಗ ತಲೆ ಮೇಲೆ ಬಿದ್ದ ಸಾಲನೇ ಇನ್ನೂ ಇಳಿದಿಲ್ಲ, ಅದರ ಮೇಲೆ 2 ಬಿಲಿಯನ್. ಸಾಲ ಯಾರ ಹೆಸರಲ್ಲಿ, ಸ್ಟೇಡಿಯಂ ಯಾರ ಹೆಸರಲ್ಲಿ ಅಂತ ಕಾಗದದಲ್ಲಿ ಬರೋವರೆಗೂ ನಾನು ಹೂಂ ಅನ್ನಲ್ಲ, ಊಹೂಂ ಅಂತಲೂ ಅನ್ನಲ್ಲ.

ಕೊನೇಗೆ ಬಿಡೋದೇ ಆದ್ರೆ ಏನೇನು ಹೊತ್ಕೊಂಡು ಹೋಗ್ಬೇಕು ಅಂತ ಮೊದಲೇ ಬರೆಸ್ಕೊಳ್ಳಿ. ಆರ್ಸೆನಲ್ ತಮ್ಮ ಗಡಿಯಾರ ತಗೊಂಡು ಹೋದ್ರು, ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊದವರು ತಮ್ಮ ಹಳೇ ಸ್ಟೇಡಿಯಂ ಸಾನ್ ಮಾಮೆಸ್‌ನ ಕಮಾನನ್ನ ಲೆಸಾಮಾ ಟ್ರೈನಿಂಗ್ ಗ್ರೌಂಡಿಗೆ ಸಾಗಿಸಿ ನಿಲ್ಸಿದಾರೆ. ಎವರ್ಟನ್ ಅಂತೂ ಇನ್ನೂ ಚೆನ್ನಾಗ್ ಮಾಡ್ತು: ಗುಡಿಸನ್ ಕೆಡವೋ ಪ್ಲಾನ್ ಇತ್ತು, ಅದನ್ನ ಬಿಟ್ಟು, 2025ರ ಮೇ 18ರಂದು ಸೌತಾಂಪ್ಟನ್ ಮೇಲೆ 2-0 ಗೆದ್ದು ಗಂಡಸರ ಟೀಮ್ ಹೊಸ ಸ್ಟೇಡಿಯಂಗೆ ಹೊರಟ ಮೇಲೆ ಅದೇ ಮೈದಾನ ಹೆಂಗಸರ ಟೀಮಿಗೆ ಕೊಟ್ರು.